ಓಡದೆ ಉಳಿದ ಒಂದು ಸುತ್ತು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಬಸ್ಸು ತಪ್ಪಿ ಹೋಗುತ್ತಿದ್ದರೂ ಓಡದವರ ಪೈಕಿ ನಾನು. ಅಂಥ ನಾನು ಒಬ್ಬ ಓಟಗಾರನ ಕಥೆ ಹೇಳಲು ಕುಳಿತಿದ್ದೇನೆ. ಅದೂ ಒಬ್ಬ ಹುಡುಗಿಯ ಮನಸ್ಸಿನೊಳಗೆ ಇಣುಕಿ ಹೇಳಬೇಕಾದ ಕಥೆ... ಎಲ್ಲಾದರೂ ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಹೇಳದೇ ಇರಲು ಮಾತ್ರ ನನ್ನಿಂದ ಆಗಲಿಲ್ಲ.

"ನನ್ನ ಸುತ್ತು ಎಣಸೋರು ನೀವಽ ಏನ್ರಿ?"

ಕಾಂತಾ ತಲೆ ಎತ್ತಿದಳು.

1976ರ ಜನವರಿ. ಬೆಳಗಾವಿಯ ಮೈದಾನದ ಮೇಲಿನ ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಆ ಮಂಜಿನಿಂದಲೇ ಎದ್ದು ಬಂದವನ ಹಾಗೆ ಅವನು ಮೇಜಿನ ಮುಂದೆ ನಿಂತಿದ್ದ. ಬರಿಗಾಲು. ಎದೆಗೆ ಚುಚ್ಚಿದ ಬಟ್ಟೆಯ ಮೇಲೆ ಹದಿನಾಲ್ಕು ಎಂಬ ಸಂಖ್ಯೆ.

"ಹೌದ್ರಿ. ಹದಿನಾಲ್ಕನೇ ನಂಬರ ನಂದು."

"ನಿಮ್ದಲ್ರಿ, ನಂದು!" ಅವನು ನಕ್ಕ. "ನಾಗಲಿಂಗ ಅಂತ. ಪಾರಿಶ್ವಾಡದಾಂವ. ಇಪ್ಪತ್ತೈದು ಸುತ್ತು ಅದಾವ ನೋಡ್ರಿ, ನಡುವ ನಿದ್ದಿ ಹತ್ತೀತು ಮತ್ತ."

"ನೀವು ಓಡ್ರಿ. ಎಣಸೂದು ನನಗ ಬಿಡ್ರಿ. ರವಿವಾರ ಪ್ಯಾಟ್ಯಾಗ ನಮ್ಮಪ್ಪಂದು ಕಾಳಿನ ಅಂಗಡಿ ಐತಿ. ಹುಟ್ಟಿದಾಗಿಂದ ಎಣಿಕಿ ಕೇಳ್ಕೋತನಽ ಬೆಳದೀನಿ."

"ಖರೇ?"

"ಖರೇನಽ!"

ಅವನು ಮತ್ತೊಮ್ಮೆ ತಿರುಗಿ ನೋಡಿ ಹೋದ. ಕಾಂತಾಳ ಕೈಯಲ್ಲಿದ್ದ ಪೆನ್ಸಿಲು ಯಾಕೋ ಬೆಚ್ಚಗಾಯಿತು. ಪಕ್ಕದಲ್ಲಿ ಕುಳಿತಿದ್ದ ಅಲಕಾ ಮೊಣಕೈಯಿಂದ ತಿವಿದಳು.

"ಅಗ ಬಾಯಿ! ಎಣಸಾಕ ಬಂದೀಯೋ, ನೋಡಾಕ ಬಂದೀಯೋ?"

"ಸುಮ್ಮನಿರಽ ಅಲಕಾ..."

ಇಬ್ಬರೂ ಸಂಜೆ ಕಾಲೇಜಿನಲ್ಲಿ ಓದುತ್ತಿದ್ದರು. ಕ್ರೀಡಾಕೂಟದವರು ಎಣಿಸಲು ವಿದ್ಯಾರ್ಥಿಗಳು ಬೇಕೆಂದಾಗ ಹೆಸರು ಕೊಟ್ಟಿದ್ದರು. ಹತ್ತು ಸಾವಿರ ಮೀಟರ್ ಅಂದರೆ ಮೈದಾನಕ್ಕೆ ಇಪ್ಪತ್ತೈದು ಸುತ್ತು. ಒಬ್ಬೊಬ್ಬ ಓಟಗಾರನಿಗೆ ಒಬ್ಬೊಬ್ಬರು ಎಣಿಸುವವರು. ಸುತ್ತಿಗೊಂದು ಗೆರೆ ಎಳೆಯಬೇಕು. ಕೊನೆಯ ಸುತ್ತು ಉಳಿದಾಗ ಎದ್ದು ನಿಂತು ಕೆಂಪು ಬಟ್ಟೆ ಬೀಸಬೇಕು. ಅಷ್ಟೇ ಕೆಲಸ.

ಆದರೆ ಆ ದಿನ ಶಾಮಿಯಾನದ ಕೆಳಗೆ ಮುಂಬಯಿಯ ಒಂದು ಮಿಲ್ಲಿನ ಸಾಹೇಬರು ಕುಳಿತಿದ್ದರು. ಮೊದಲ ಇಬ್ಬರಿಗೆ ಮಿಲ್ಲಿನ ಓಟದ ತಂಡದಲ್ಲಿ ಜಾಗ. ಓಡುವುದೇ ನೌಕರಿ! "ಓಟ ಏನ್ ಹೊಟ್ಟಿಗಿ ಹಾಕ್ತೈತೇನಲೇ?" ಎಂದು ದಿನಾ ನಗುತ್ತಿದ್ದ ಅಣ್ಣಂದಿರಿಗೆ ನಾಗಲಿಂಗ ಕೊಡಬಹುದಾದ ಒಂದೇ ಉತ್ತರ ಅದು.

ಪಿಸ್ತೂಲು ಸದ್ದು ಮಾಡಿತು.

ಹತ್ತು ಸುತ್ತಿನವರೆಗೆ ಎಲ್ಲರೂ ಒಂದೇ ಗುಂಪು. ಹದಿನೈದಕ್ಕೆ ಐವರು ಉಳಿದರು. ಇಪ್ಪತ್ತರ ಹೊತ್ತಿಗೆ ಮುಂದೆ ಇದ್ದವರು ಮೂವರೇ. ನಾಗಲಿಂಗ, ವಡಗಾವಿಯ ಗುರುಪುತ್ರಪ್ಪ, ಮತ್ತೊಬ್ಬ ಸಿಪಾಯಿ. ನಾಗಲಿಂಗನ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂದು ಕಾಂತಾಳಿಗೆ ಅನುಮಾನ. ಪ್ರತಿ ಸಲ ಅವನು ಹಾದುಹೋದಾಗ ಒಂದು ಗೆರೆ... ಒಂದು ಎದೆಬಡಿತ... ಇನ್ನೊಂದು ಗೆರೆ.

ಇಪ್ಪತ್ತನಾಲ್ಕು ಗೆರೆ!

ಅವಳು ಎದ್ದು ಕೆಂಪು ಬಟ್ಟೆ ಬೀಸಿದಳು. "ಕಡೀ ಸುತ್ತು! ಹದಿನಾಲ್ಕು, ಕಡೀ ಸುತ್ತು!"

ಅವನು ಒಂದು ಕ್ಷಣ ಅವಳ ಮುಖ ನೋಡಿದ. ಮರುಕ್ಷಣ ಬಾಣದ ಹಾಗೆ ಹೊರಟ. ಉಳಿದಿಬ್ಬರನ್ನು ನೂರು ಹೆಜ್ಜೆ ಹಿಂದೆ ಹಾಕಿದ, ಗೆರೆ ದಾಟಿದ, ಮಂಡಿಯೂರಿ ಕುಸಿದ.

ಗುರುಪುತ್ರಪ್ಪ ನಿಲ್ಲಲಿಲ್ಲ. ಸಿಪಾಯಿಯೂ ನಿಲ್ಲಲಿಲ್ಲ. ಇಬ್ಬರೂ ಅವನನ್ನು ದಾಟಿ ಮುಂದೆ ಓಡಿದರು.

"ಏ ಹದಿನಾಲ್ಕು! ಇನ್ನೊಂದು ಸುತ್ತೈತಿ! ಏಳು!" ಯಾರೋ ಅಧಿಕಾರಿ ಕೂಗಿದರು.

ಅವನು ಏಳಲು ನೋಡಿದ. ಎಲ್ಲ ಕಸುವನ್ನೂ ಸುರಿದು ಬಂದಿದ್ದ ಕಾಲುಗಳು ಏಳಲಿಲ್ಲ.

ಗುರುಪುತ್ರಪ್ಪ ಗೆದ್ದ. ಮಗನಿಗೆ ಹಾರ ಹಾಕಲು ಬಂದ ಅವನ ತಾಯಿ ಸಂಗವ್ವ, ಎಲ್ಲರಿಗೂ ಕೇಳುವಂತೆ ನಕ್ಕಳು. "ಎಣಸಾಕ ಕುಂತಾಕಿ ನಮ್ಮ ಸೊಸಿ ಆಗಾಕಿ! ನನ್ನ ಮಗ ಗೆಲ್ಲದಽ ಇರ್ತಾನೇನ?"

ಹಿಂದಿನ ತಿಂಗಳಷ್ಟೇ ಅವರು ಕಾಂತಾಳನ್ನು ನೋಡಿ ಹೋಗಿದ್ದರು. ಮಾತು ಇನ್ನೂ ಮುಗಿದಿರಲಿಲ್ಲ. ಸಂಗವ್ವನದು ಬರೀ ಚೇಷ್ಟೆ. ಆದರೆ ಆ ಚೇಷ್ಟೆ ನಾಗಲಿಂಗನ ಕಿವಿಗೆ ಬಿತ್ತು.

ಅವನು ಕುಂಟುತ್ತ ಮೇಜಿನ ಬಳಿ ಬಂದ. ಧ್ವನಿ ಏರಿಸಲಿಲ್ಲ. ಏರಿಸಿದ್ದರೇ ಚೆನ್ನಾಗಿತ್ತು.

"ನನ್ನ ಒಂದು ಸುತ್ತು ಅವಗ ಆಯೇರಿ ಮಾಡಿದ್ರೇನ್ರಿ?"

ಆಯೇರಿ... ಮದುವೆಯ ಉಡುಗೊರೆ!

"ಇಲ್ರಿ! ನಾ ಬರೋಬರಿ ಎಣಿಸೀನಿ... ನೋಡ್ರಿ, ಗೆರಿ ನೋಡ್ರಿ..." ಕಾಂತಾ ಕಾಗದ ಮುಂದೆ ಹಿಡಿದಳು. ಅವನು ನೋಡಲೇ ಇಲ್ಲ. ಮಂಜು ಕರಗಿದ ಬಯಲಿನಲ್ಲಿ ಅವನ ಬೆನ್ನು ಸಣ್ಣದಾಗುತ್ತ ಹೋಯಿತು.

ತಾನು ಎಲ್ಲಿ ತಪ್ಪಿದೆ? ಕಾಂತಾ ಆ ಗೆರೆಗಳನ್ನು ದಿನಕ್ಕೆ ಹತ್ತು ಸಲ ಎಣಿಸಿದಳು. ಗೆರೆಗಳು ಸರಿಯಾಗಿದ್ದವು. ಹಾಗಾದರೆ ಇನ್ನೊಂದು ಸುತ್ತು ಎಲ್ಲಿಂದ ಬಂತು?

ಉತ್ತರ ಸಿಕ್ಕದ್ದು ಹದಿನೈದು ದಿನದ ಮೇಲೆ, ಅಂಗಡಿಯಲ್ಲಿ. ತೂಕದ ಕಾಲ ಬಂದಿದ್ದರೂ ಅಪ್ಪ ತಮ್ಮಣ್ಣ ಹಳ್ಳಿಯ ಗಿರಾಕಿಗಳಿಗೆ ಜೋಳವನ್ನು ಸೇರಿನಲ್ಲೇ ಅಳೆಯುತ್ತಿದ್ದರು. ಕಾಳು ಅಳೆಯುವವರು ಮೊದಲ ಅಳತೆಗೆ "ಒಂದು" ಎನ್ನುವುದಿಲ್ಲ, "ಲಾಭ" ಎನ್ನುತ್ತಾರೆ. ಶುಭವಾಗಲಿ ಎಂದು. ಆಮೇಲೆ ಎರಡು, ಮೂರು. ಅದು ಪದ್ಧತಿ. ತಮ್ಮಣ್ಣನವರಂತೂ ಸೇರು ಇನ್ನೂ ರಾಶಿಗೆ ತಾಗುವ ಮೊದಲೇ ರಾಗವಾಗಿ ಹೇಳುತ್ತಿದ್ದರು.

"ಲಾಭಽ..."

ಕಾಂತಾಳ ಕೈಯಲ್ಲಿದ್ದ ಚೀಲ ಜಾರಿತು.

ಪಿಸ್ತೂಲು ಸದ್ದಾದಾಗ, ಅವನು ಮೊದಲ ಹೆಜ್ಜೆ ಎತ್ತಿದಾಗ, ಅವನಿಗೆ ಒಳ್ಳೆಯದಾಗಲಿ ಎಂದು ತನ್ನ ಬಾಯಿ ತಾನಾಗಿಯೇ "ಲಾಭ" ಅಂದಿತ್ತು! ಕೈ ತಾನಾಗಿಯೇ ಗೆರೆ ಎಳೆದಿತ್ತು! ಅವನು ಮೊದಲ ಸುತ್ತು ಮುಗಿಸಿ ಬಂದಾಗ ತಾನು ಎಳೆದದ್ದು ಎರಡನೆಯ ಗೆರೆ...

'ದೇವರೇ! ಶುಭ ಕೋರಿಯೇ ಅವನನ್ನು ಸೋಲಿಸಿದೆನೇ?'

ಅವಳು ಅಪ್ಪನಿಗೆ ಎಲ್ಲ ಹೇಳಿದಳು. ಗುರುಪುತ್ರಪ್ಪನ ಸಂಬಂಧ ಬೇಡವೆಂದೂ ಹೇಳಿದಳು.

"ಹುಚ್ಚಿ, ಒಂದು ಗೆರಿ ತಪ್ಪಿದ್ದಕ್ಕ ಯಾರರ ಲಗ್ನಾ ಬಿಡ್ತಾರೇನವಾ?"

"ಅಪ್ಪಾ, ನಾ ಆ ಮನಿಗೆ ಹೋದ್ರ, ಆ ಮಾತು ಖರೇ ಅಂತ ನಾನಽ ಒಪ್ಪಿಕೊಂಡಂಗ ಆಗೂದಿಲ್ಲೇನು?"

ತಮ್ಮಣ್ಣ ಮರುದಿನವೇ ವಡಗಾವಿಗೆ ಬೇಡವೆಂದು ಹೇಳಿ ಕಳಿಸಿದರು. ಕಾಳಿನ ವ್ಯಾಪಾರಿ. ಅಳತೆಯ ಮೇಲೆ ಅನುಮಾನ ಬರುವುದೆಂದರೆ ಏನೆಂದು ಅವರಿಗೆ ಗೊತ್ತಿತ್ತು.

ಅಷ್ಟರಲ್ಲಿ ನಾಗಲಿಂಗ ಊರು ಬಿಟ್ಟಿದ್ದ. ಪುಣೆಯಲ್ಲಿದ್ದಾನೆಂದು ಅಲಕಾ ತಿಳಿದುಕೊಂಡು ಬಂದಳು. ಕಾಂತಾ ಪತ್ರ ಬರೆದಳು, ಹರಿದಳು. ಮತ್ತೆ ಬರೆದಳು, ಮತ್ತೆ ಹರಿದಳು. ಕಾಗದದ ಮೇಲೆ ಇಟ್ಟರೆ ಆ ಮಾತು ಎಷ್ಟು ಸುಳ್ಳಾಗಿ ಕಾಣುತ್ತಿತ್ತು! ಇದನ್ನು ಮುಖ ನೋಡಿಯೇ ಹೇಳಬೇಕು. ನಂಬಲಿ, ಬಿಡಲಿ.

ಐದು ವರ್ಷಗಳು ಹಾಗೆಯೇ ಕನಸಿನಲ್ಲಿ ನಡೆದಂತೆ ಕಳೆದವು.

ನಾಗಲಿಂಗ ಪುಣೆಯ ಕಾರ್ಖಾನೆಯೊಂದರಲ್ಲಿ ಹಮಾಲಿಗೆ ಸೇರಿದ್ದ. ಒಂದು ಬೆಳಿಗ್ಗೆ ಕಾರ್ಖಾನೆಯ ಓಟದ ತಂಡದ ಹಿಂದೆ ಸುಮ್ಮನೆ ಓಡಿ, ಎಲ್ಲರನ್ನೂ ದಾಟಿಬಿಟ್ಟ. ಮರುದಿನದಿಂದ ಅವನ ಕೆಲಸ ಬದಲಾಯಿತು. ಬೆಳಗ್ಗೆ ಮೂವತ್ತು ಕಿಲೋಮೀಟರು, ಮಧ್ಯಾಹ್ನ ಗೇಟಿನಲ್ಲಿ ನಾಲ್ಕು ತಾಸು ಕಾವಲು, ಸಂಜೆ ಮತ್ತೆ ಹತ್ತು. ಮೊದಲ ಸಲ ಬೂಟು ಹಾಕಿದಾಗ ಕಾಲೆಲ್ಲ ಬೊಬ್ಬೆ. ನಿಧಾನವಾಗಿ ಹೆಸರು ಪತ್ರಿಕೆಗಳಲ್ಲಿ ಬರತೊಡಗಿತು. ಒಮ್ಮೆ ಮೂರನೆಯವನು, ಒಮ್ಮೆ ಎರಡನೆಯವನು.

ಖಾನಾಪುರದ ಶಾಲೆಯಲ್ಲಿ ಶಿಕ್ಷಕಿಯಾಗಿದ್ದ ಕಾಂತಾ ಆ ಎರಡೆರಡು ಸಾಲಿನ ಸುದ್ದಿಗಳನ್ನು ವಾಚನಾಲಯದಲ್ಲಿ ನಿಂತೇ ಓದುತ್ತಿದ್ದಳು. ಕತ್ತರಿಸಿಕೊಳ್ಳುವ ಮನಸ್ಸು. ಆದರೆ ಹತ್ತು ಜನ ಓದುವ ಪತ್ರಿಕೆ ಅದು! ನೋಟುಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದಳು.

1980ರ ಡಿಸೆಂಬರಿನಲ್ಲಿ, ಖಾನಾಪುರದ ಅಂಚೆ ಕಚೇರಿಗೆ ವರ್ಗವಾಗಿ ಬಂದಿದ್ದ ಅಲಕಾ ಓಡೋಡಿ ಬಂದಳು.

"ಕಾಂತಾ! ನಿನ್ನ ಹದಿನಾಲ್ಕು ಬಂದಾನ! ದಿನಾ ಮುಂಜಾನೆ ಪಾರಿಶ್ವಾಡದಿಂದ ನಮ್ಮ ಹೊಳಿ ಸೇತುವಿತನಕ ಓಡಿ ಬಂದು ತಿರುಗಿ ಹೋಗ್ತಾನಂತ. ಇನ್ನೂ ಲಗ್ನಾ ಆಗಿಲ್ಲಂತ, ಅದನ್ನೂ ಕೇಳಿಕೊಂಡ ಬಂದೀನಿ!"

"ಅಲಕಾ... ನಿನ್ನ ಸೈಕಲ್ಲು ಕೊಡ್ತೀಯೇನ?"

ಮರುದಿನ ಮಲಪ್ರಭೆಯ ಮೇಲೆ ಹಾಲಿನಂಥ ಮಂಜು. ಹೊಳೆ ಕಾಣುತ್ತಿರಲಿಲ್ಲ, ಬರೀ ಸದ್ದು. ಸೇತುವೆ ಆಕಾಶದಲ್ಲಿ ತೇಲುತ್ತಿತ್ತು. ಕಾಂತಾ ಸೈಕಲ್ಲು ಹಿಡಿದು ನಿಂತಿದ್ದಳು. ದೂರದಿಂದ ಒಂದೇ ಲಯದ ಹೆಜ್ಜೆ ಸದ್ದು... ಆಮೇಲೆ ಅವನು!

ಅವನ ಕಣ್ಣು ಅವಳನ್ನು ಗುರುತಿಸಿತು. ಕಾಲು ನಿಲ್ಲಲಿಲ್ಲ. ಸೇತುವೆಯ ತುದಿ ಮುಟ್ಟಿ ಹಿಂದಿರುಗಿ ಹೊರಟೇಬಿಟ್ಟ.

"ನಿಲ್ರಿ! ಒಂದ್ ಮಾತೈತಿ!"

"ಓಡುವಾಗ ನಾ ನಿಲ್ಲೂದಿಲ್ರಿ. ಮುಂದಿನ ತಿಂಗಳ ಪುಣೆದಾಗ ದೊಡ್ಡ ಓಟ ಐತಿ."

"ಹಂಗಾದ್ರ ನಾನಽ ಬರ್ತೀನಿ!"

ಅವಳು ಸೈಕಲ್ಲು ಹತ್ತಿದಳು. ಪಕ್ಕದಲ್ಲೇ ತುಳಿಯುತ್ತ ಹೇಳಿದಳು. ಅಪ್ಪನ ಸೇರು, ಲಾಭ ಎಂಬ ಪದ್ಧತಿ, ಪಿಸ್ತೂಲಿನ ಸದ್ದು, ಮೊದಲ ಗೆರೆ... ಎಲ್ಲ. ಐದು ವರ್ಷ ಎದೆಯಲ್ಲಿ ಹೊತ್ತಿದ್ದನ್ನು ಏದುಸಿರಿನಲ್ಲಿ ಚೆಲ್ಲಿದಳು. ಅವನು ಮಾತ್ರ ಮುಂದಿನ ರಸ್ತೆಯನ್ನೇ ನೋಡುತ್ತಿದ್ದ.

ಏರು ಬಂತು. ಅವನ ಉಸಿರು ಒಂದಿಷ್ಟೂ ಬದಲಾಗಲಿಲ್ಲ. ಅವಳಿಂದ ತುಳಿಯಲಾಗಲಿಲ್ಲ. ಇಳಿದು ನಿಂತಳು.

"ನಾ ಸುಳ್ಳ ಹೇಳಾಕತ್ತಿಲ್ರಿ..."

ಅವನು ಮಂಜಿನೊಳಗೆ ಕರಗಿಹೋದ. ಮೊದಲು ಆಕಾರ, ಆಮೇಲೆ ಹೆಜ್ಜೆಯ ಸದ್ದು.

ಕಾಂತಾ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಳಿತಳು. 'ಹೋಗಲಿ. ಹೇಳಿ ಮುಗಿಸಿದೆನಲ್ಲ...' ಎಂದುಕೊಂಡಳು. ಮುಗಿದಿರಲಿಲ್ಲ. ಕಣ್ಣೀರು ಸೆರಗಿಗೆ ನಿಲ್ಲಲಿಲ್ಲ.

ಎಷ್ಟು ಹೊತ್ತೋ. ಮಂಜಿನಲ್ಲಿ ಮತ್ತೆ ಹೆಜ್ಜೆಯ ಸದ್ದು. ಈ ಸಲ ಓಟದ್ದಲ್ಲ. ನಡಿಗೆಯದು.

ನಾಗಲಿಂಗ ಬಂದು ಎದುರಿಗೆ, ನೆಲದ ಮೇಲೇ ಕುಳಿತ.

"ನಾನೂ ಒಂದ್ ಮಾತು ಹೇಳೂದೈತ್ರಿ," ಎಂದ. "ಓಡುವಾಗ ನನ್ನ ಸುತ್ತು ನಾನಽ ಎಣಸ್ತೀನಿ. ಅವತ್ತೂ ಎಣಿಸಿದ್ದೆ. ನೀವು ಬಟ್ಟಿ ಬೀಸಿದಾಗ ನನ್ನ ಲೆಕ್ಕದಾಗ ಇಪ್ಪತ್ಮೂರಽ ಆಗಿತ್ತು."

ಕಾಂತಾ ಬೆರಗಾದಳು. "ಮತ್ತ ಯಾಕ... ಯಾಕ ಕಡೀ ಸುತ್ತಂತ ಓಡಿದ್ರಿ?"

"ನಿಮ್ಮ ಮಾರಿ ನೋಡಿದೆ. ಇಂಥಾಕಿ ತಪ್ಪಂಗಿಲ್ಲ, ನಾನಽ ತಪ್ಪೀನಿ ಅಂದ್ಕೊಂಡೆ." ಅವನು ತಲೆ ತಗ್ಗಿಸಿದ. "ಎರಡು ಮಾತಾಡಿದಾಕಿನ್ನ ನನಗಿಂತ ಹೆಚ್ಚ ನಂಬಿದ್ದೆ. ಆಮ್ಯಾಲ ಆ ಸೊಸಿ ಅನ್ನೂ ಮಾತು ಕೇಳಿ... ಸೋತಿದ್ದು ಅಷ್ಟ ಸುಡಲಿಲ್ಲ, ಕಾಂತಾ ಅವ್ರಽ. ನಂಬಿದ್ದು ಸುಟ್ಟಿತು."

ಹೊಳೆಯ ಸದ್ದು ಎಲ್ಲಿಂದಲೋ ಕೇಳುತ್ತಿತ್ತು.

"ಮುಂಬೈದಾಗ ಗುರುಪುತ್ರಪ್ಪ ಸಿಕ್ಕಿದ್ದ. ನೀವು ಒಲ್ಲೆ ಅಂದ್ರಂತ ಹೇಳಿದ. ಅವತ್ತಽ ಬಂದು ಕೇಳಬೇಕಾಗಿತ್ತು. ನಲವತ್ತು ಕಿಲೋಮೀಟರ ಓಡಾಂವಗ ನಿಮ್ಮ ಮನಿತನಕ ಬರಾಕ ಕಾಲ ಬರಲಿಲ್ಲ."

"ಈಗ ನಂಬ್ತೀರೇನು?"

"ನಂಬಲಿಲ್ಲಂದ್ರ ನಿಲ್ತಿದ್ನೇನು?"

ಕಾಂತಾ ಅಳುತ್ತಲೇ ನಕ್ಕಳು. "ನನ್ನಿಂದ ನಿಮ್ಮ ಇವತ್ತಿನ ಓಟಾನೂ ಕೆಟ್ಟಿತು."

"ಕೆಡ್ಲಿ ಬಿಡ್ರಿ. ಇವತ್ತ ನಾ ನಾನಾಗೇ ನಿಂತೀನಿ." ಅವನು ಎದ್ದು ಅವಳ ಸೈಕಲ್ಲಿನ ಹಿಡಿಕೆ ಹಿಡಿದ. "ಸೋಮವಾರ ನಿಮ್ಮಪ್ಪಾರ ಅಂಗಡಿಗೆ ಬರ್ತೀನಿ."

"ಏನ್ ತಗೊಳ್ಳಾಕ?"

"ಜ್ವಾಳಂತೂ ಅಲ್ಲ!"

ಅವಳ ಮುಖ ಕೆಂಪಾಯಿತು. ಇಬ್ಬರೂ ಊರಿನ ಕಡೆಗೆ ನಡೆದರು, ನಡುವೆ ಸೈಕಲ್ಲು. ಸ್ವಲ್ಪ ದೂರ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು.

"ಅವತ್ತ ನಾ ಬರೋಬರಿ ಎಣಿಸಿದ್ರ, ನೀವು ಗೆಲ್ತಿದ್ರೇನು?"

"ಗುರುಪುತ್ರಪ್ಪನ ಹತ್ತರಾನೂ ದಮ್ಮು ಉಳಿದಿತ್ತು... ಗೊತ್ತಿಲ್ಲ, ಕಾಂತಾ."

ಮೊದಲ ಸಲ 'ಅವ್ರಽ' ಇಲ್ಲದೆ ಕರೆದಿದ್ದ. ಅವಳು ಬೇರೇನೂ ಕೇಳಲಿಲ್ಲ.

ಮುಂದಿನ ವರ್ಷ ಅವರ ಮದುವೆಯಾಯಿತು. ಮೊಣಕಾಲು ಸಾಕೆನ್ನುವವರೆಗೆ, ಇನ್ನೂ ಆರು ವರ್ಷ ಅವನು ಓಡಿದ. ಕೆಲವು ಓಟ ಗೆದ್ದ, ಹೆಚ್ಚಿನವುಗಳಲ್ಲಿ ಸೋತ. ದೇಶದ ಪರವಾಗಿ ಓಡುವ ಕರೆ ಎಂದೂ ಬರಲಿಲ್ಲ. ಆ ಒಂದು ಸುತ್ತು ಓಡಿ, ಮುಂಬಯಿಗೆ ಹೋಗಿದ್ದರೆ ಬರುತ್ತಿತ್ತೇ? ಅವರಿಬ್ಬರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.