ಒಂದೇ ಜರಡಿ

"ಹೆದರಬೇಡಿ ಮೇಡಂ... ಲಿಫ್ಟ್ ಬೀಳಲ್ಲ. ಬಿದ್ರೂ ಮೊದಲು ಬೀಳೋದು ನನ್ನ ಮೇಲೆ!"

ಗ್ರಂಥಾಲಯದ ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ನಿಂತುಹೋದ ಲಿಫ್ಟಿನೊಳಗೆ ಅವಳೊಬ್ಬಳೇ. ಎದೆಗವಚಿಕೊಂಡ ಬೋಗುಣಿಯಲ್ಲಿ ಹಳೆಯ ಪುಸ್ತಕಗಳಿಗೆ ಹಚ್ಚಲು ಆಗಷ್ಟೇ ಕಾಯಿಸಿದ ಅಂಟು. ದನಿ ಕೆಳಗಿನಿಂದ ಬರುತ್ತಿತ್ತು.

"ನೀವು ಲಿಫ್ಟಿನ ಕೆಳಗಿದ್ದೀರಾ? ಮೊದಲು ಈಚೆ ಬನ್ನಿ!"

ಕೆಳಗಿನಿಂದ ನಗು ಕೇಳಿತು.

"ಹತ್ತು ವರ್ಷದ ಕೆಲಸದಲ್ಲಿ, ಒಳಗೆ ಸಿಕ್ಕಿಕೊಂಡವರು ನನ್ನನ್ನ ಕಾಪಾಡೋಕೆ ನೋಡಿದ್ದು ಇದೇ ಮೊದಲು!"

ಬಾಗಿಲು ತೆರೆಯಿತು. ಎಣ್ಣೆಮಸಿ ಮೆತ್ತಿದ ತೋಳೊಂದು ಚಾಚಿತು. ಅವಳು ಆ ಕೈ ಹಿಡಿದು ಕೆಳಗಿಳಿದಳು.

ಅವನು ಕೈ ಬಿಡಲಿಲ್ಲ. ಬಿಡಲು ಆಗಲಿಲ್ಲ! ಎರಡು ಅಂಗೈಗಳ ನಡುವೆ ಅಂಟು.

"ಏನಿದು?"

"ಅಂಟು. ಪುಸ್ತಕದ ಬೆನ್ನಿಗೆ ಹಚ್ಚೋದು."

"ಯಾವುದರಲ್ಲಿ ಮಾಡ್ತೀರಿ?"

"ಮೈದಾ ಹಿಟ್ಟಲ್ಲಿ."

ಅವನ ನಗು ನಿಂತಿತು. ನೇರ ನಲ್ಲಿಯ ಬಳಿ ಹೋಗಿ, ಮೊಣಕೈವರೆಗೆ ಸೋಪು ಹಚ್ಚಿ ಎರಡೆರಡು ಸಲ ತೊಳೆದ. ಉಗುರಿನ ಸಂದುಗಳನ್ನೂ ಬಿಡಲಿಲ್ಲ.

ಅವಳ ಮುಖ ಕೆಂಪಾಯಿತು. ಮಸಿ ಇದ್ದರೆ ಪರವಾಗಿಲ್ಲ, ನನ್ನ ಕೈ ಸೋಕಿದ್ದು ಮಾತ್ರ ಅಷ್ಟು ಹೇಸಿಗೆಯಾ?

ಆದರೂ ಕಾಪಾಡಿದವನಲ್ಲವೇ ಎಂದು ಚಹಾ, ಬಿಸ್ಕತ್ತು ತಂದಿಟ್ಟಳು. ಅವನು ತಟ್ಟೆಯನ್ನು ಎರಡು ಬೆರಳಿನಿಂದ ಅತ್ತ ಸರಿಸಿದ.

"ಯಾರು ಕೊಟ್ರೂ ತಿನ್ನಲ್ವಾ? ಇಲ್ಲ, ನಾನು ಕೊಟ್ರೆ ಮಾತ್ರಾನಾ?"

"ಅಯ್ಯೋ, ಹಾಗಲ್ಲ! ನನಗೆ ಸೀಲಿಯಾಕ್ ಅಂತ ಕಾಯಿಲೆ ಮೇಡಂ. ಗೋಧಿ, ಮೈದಾ, ಬಾರ್ಲಿ... ಇವುಗಳಲ್ಲಿರೋ ಗ್ಲುಟೆನ್ ಒಂದು ಚೂರು ಒಳಗೆ ಹೋದ್ರೂ ಸಾಕು, ನನ್ನ ದೇಹ ನನ್ನ ಕರುಳಿನ ಮೇಲೇ ದಂಡೆತ್ತಿ ಹೋಗುತ್ತೆ. ಎಲ್ಲರೂ ದುಡಿಯೋದು ಹೊಟ್ಟೆಗೆ ಹಿಟ್ಟು ಸಿಗಲಿ ಅಂತ. ನಾನು ಒದ್ದಾಡೋದು ಹೊಟ್ಟೆಗೆ ಹಿಟ್ಟು ಹೋಗದೇ ಇರಲಿ ಅಂತ!"

ಅವಳು ನಕ್ಕುಬಿಟ್ಟಳು. ಆ ನಗುವಿನಲ್ಲಿ ಒಂದನ್ನು ಮರೆತಳು. ಅವನು ಕೈ ತೊಳೆದ ರೀತಿಯನ್ನು.

*

ಆ ವರ್ಷ ಲಿಫ್ಟು ಮೇಲೆ ಕೆಳಗೆ ಓಡಾಡಿದ್ದಕ್ಕಿಂತ ಮೆಕ್ಯಾನಿಕ್ಕೇ ಹೆಚ್ಚು ಓಡಾಡಿದ ಎಂದು ಗ್ರಂಥಾಲಯದವರು ಆಡಿಕೊಂಡರು. ಮರುವರ್ಷ ಇಬ್ಬರೂ ಮದುವೆಯಾದರು.

ಹೊಸ ಮನೆಗೆ ಅವಳು ತನ್ನ ಹಳೆಯ ಮರದ ಸೌಟನ್ನಾಗಲಿ, ಗೀರು ಬಿದ್ದ ಬಾಣಲೆಯನ್ನಾಗಲಿ ತರಲಿಲ್ಲ. ಎಲ್ಲ ಹೊಸದು. ಒಂದೊಂದರ ಹಿಡಿಗೂ ಪುಸ್ತಕ ಹೊಲಿಯುವ ಕೆಂಪು ದಾರ ಕಟ್ಟಿದಳು. ಕೆಂಪು ದಾರದ ಪಾತ್ರೆಗೆ ಗೋಧಿಯ ತಿನಿಸು ಸೋಕಕೂಡದು. ಯಾರೇ ಬರಲಿ, ಇದೇ ಕಾನೂನು.

ಹಳೆಯ ಕಾಗದಪತ್ರ ಓದುವ ಭೂತಗನ್ನಡಿಯನ್ನು ಅಂಗಡಿಗೆ ಒಯ್ದು, ಸಾಸಿನ ಬಾಟಲಿ, ಚಾಕೊಲೇಟು, ಕೆಮ್ಮಿನ ಮಾತ್ರೆ ಎಲ್ಲದರ ಹಿಂದಿನ ಇರುವೆಯಂಥ ಅಕ್ಷರಗಳನ್ನು ಓದುತ್ತಿದ್ದಳು. ಔತಣಗಳಿಗೆ ಹೋದರೆ ಅವನ ಡಬ್ಬಿ ಅವಳ ಚೀಲದಲ್ಲಿ. ಕೊನೆಗೆ ತಾನೂ ಬ್ರೆಡ್ಡು ಬಿಟ್ಟಳು.

"ನೀನ್ಯಾಕೆ ಬಿಡಬೇಕು?" ಎಂದು ಅವನು ಕೇಳಿದ.

"ಮುತ್ತು ಕೊಡೋ ಮುಂಚೆ ಪ್ರತಿ ಸಲ ಹಲ್ಲುಜ್ಜಿಕೊಂಡು ಬರೋಕೆ ನನ್ನಿಂದಾಗಲ್ಲ!"

ಅವನ ಅಕ್ಕನಿಗೂ ಮೆಚ್ಚುಗೆಯಾಯಿತು. "ನಮ್ಮಮ್ಮ ಕೂಡ ಇವನನ್ನ ಇಷ್ಟು ಕಾಯಲಿಲ್ಲ. ಹೊಲಕ್ಕೆ ಬೇಲಿ ಇದ್ದಹಾಗಿದ್ದೀಯ ಕಣೆ," ಎಂದಳು.

ಎರಡು ವರ್ಷ ಹಾಗೆ ಕಳೆದವು. ಅವನ ಕೆನ್ನೆ ತುಂಬಿತು.

ಮೂರನೆಯ ವರ್ಷ ಗ್ರಂಥಾಲಯದ ಪುಸ್ತಕ ದುರಸ್ತಿ ಕೋಣೆಯ ಒಲೆ ಕೆಟ್ಟಿತು. ಹೊಸದು ಬರುವತನಕ ಅವಳ ಕೆಲಸ ಅರ್ಧ ಮನೆಗೆ ಬಂತು. ಅದಕ್ಕೆ ಭಾನುವಾರ ಅನುಕೂಲ, ಅಂದು ಅವನು ಮನೆಯಲ್ಲಿರುತ್ತಿರಲಿಲ್ಲ. ಕಚೇರಿಗಳು ಮುಚ್ಚಿದಾಗಲೇ ಅಲ್ಲವೇ ಲಿಫ್ಟಿನ ಸರ್ವೀಸು?

ಅದಾಗಿ ತಿಂಗಳೊಳಗೆ ಅವನಿಗೆ ಹೊಟ್ಟೆಯುಬ್ಬರ ಶುರುವಾಯಿತು. ಬಾಯಲ್ಲಿ ಹುಣ್ಣು. ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ದಿನ ಒಂಬತ್ತನೆಯ ಮಹಡಿಯ ಎತ್ತರದಲ್ಲಿ ತಲೆ ಸುತ್ತಿ, ಅರ್ಧ ಗಂಟೆ ಕಂಬಿ ತಬ್ಬಿಕೊಂಡು ಕೂತಿದ್ದ. ಕಂಪನಿಯವರು ಅವನನ್ನು ಕೆಳಗಿಳಿಸಿ ಕುರ್ಚಿ ಕೊಟ್ಟರು. ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಫೋನು ಎತ್ತುವ ಕೆಲಸ.

"ಮೇಲಿಂದ ಊರು ಆಟದ ಸಾಮಾನಿನ ಹಾಗೆ ಕಾಣ್ತಿತ್ತು..." ಎಂದಷ್ಟೇ ಅಂದ. ಆ ರಾತ್ರಿ ಊಟ ಮಾಡಲಿಲ್ಲ.

ಡಾಕ್ಟರು ರಕ್ತದ ವರದಿ ನೋಡಿ ತಲೆಯಾಡಿಸಿದರು. "ಎಲ್ಲಿಂದಲೋ ಗ್ಲುಟೆನ್ ಹೋಗ್ತಾ ಇದೆ. ಹುಡುಕಿ."

ಅವಳು ಹುಡುಕಿದಳು. ಡಬ್ಬಿಗಳನ್ನೆಲ್ಲ ಸುರಿದು ನೋಡಿದಳು. ಏನೂ ಸಿಗಲಿಲ್ಲ. ಒಂದು ಸಂಜೆ ಅವನ ಚೀಲದಲ್ಲಿ ಬೇಕರಿಯ ಕಾಗದದ ಪೊಟ್ಟಣ ಸಿಕ್ಕಿತು. ತಳದಲ್ಲಿ ಬನ್ನಿನ ಪುಡಿ.

"ಏನಿದು?"

"ಆಫೀಸಿನವರಿಗೆ ತಗೊಂಡು ಹೋಗಿದ್ದೆ. ಇವತ್ತು ತಿಂಡಿ ತರೋ ಸರದಿ ನಂದು."

"ನೀನು ತಿಂದಿಲ್ಲ?"

"ನಾನಾ?"

"ಇನ್ಯಾರು? ನಮ್ಮನೇಲಿ ಒಂದು ಕಾಳು ಗೋಧಿ ಇಲ್ಲ. ಎರಡು ವರ್ಷದಿಂದ ನಾನೂ ಬ್ರೆಡ್ಡಿನ ಮುಖ ನೋಡಿಲ್ಲ. ಬಾಯಿಚಪಲ ತಡೆಯೋಕಾಗ್ಲಿಲ್ಲ ಅಂತ ಒಪ್ಕೋ!"

"ಹೊಟ್ಟೆ ಹಿಡ್ಕೊಂಡು ಹೊರಳಾಡೋನು ನಾನು. ನಾನೇ ಬೇಕಂತ ತಿಂತೀನಾ?"

"ಹಾಗಾದ್ರೆ ಏನು, ನಾನು ಹಾಕ್ತಾ ಇದೀನಾ?"

ಅವನು ಎರಡು ಅಂಗಿ ಮಡಚಿಕೊಂಡು ಅಕ್ಕನ ಮನೆಗೆ ಹೊರಟ.

ಅವನೇ ಫೋನು ಮಾಡಲಿ ಎಂದು ಅವಳು ಕಾದಳು. ಅವನು ಮಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೀಗೇ ಏಳು ತಿಂಗಳು.

*

ಒಂದು ಭಾನುವಾರ ಬೆಳಿಗ್ಗೆ ಅವನ ಅಕ್ಕನ ಫೋನು ಬಂತು.

"ಅವನ ಹಳೇ ರಕ್ತದ ವರದಿಗಳ ಫೈಲು ಬೇಕಂತೆ ಡಾಕ್ಟರಿಗೆ. ಕಳಿಸಿಕೊಡು."

"ಹೇಗಿದ್ದಾರೆ ಅಕ್ಕ?"

"ಚೆನ್ನಾಗಿದ್ದಾನೆ. ನಿನ್ನ ಅಡುಗೆಮನೆ ಬಿಟ್ಟ ಮೇಲೆ ಚೆನ್ನಾಗೇ ಇದ್ದಾನೆ."

ಬೇರೆ ದಿನವಾಗಿದ್ದರೆ ಅವಳು ಜಗಳಕ್ಕೆ ನಿಲ್ಲುತ್ತಿದ್ದಳು. ಅಂದು ಸುಮ್ಮನೆ ಫೈಲು ತೆಗೆದಳು.

ವರದಿಗಳು ತಾರೀಖಿನ ಕ್ರಮದಲ್ಲಿದ್ದವು. ಎರಡು ವರ್ಷ ಅಂಕಿ ತಗ್ಗಿನಲ್ಲೇ ಇತ್ತು. ಆಮೇಲೆ ಒಮ್ಮೆಲೇ ಏರಿತ್ತು, ಮತ್ತೆ ಏರಿತ್ತು. ಏರಲು ಶುರುವಾದ ತಿಂಗಳನ್ನು ಅವಳು ದಿಟ್ಟಿಸಿದಳು.

ಆ ತಿಂಗಳು ಏನಾಗಿತ್ತು? ದುರಸ್ತಿ ಕೋಣೆಯ ಒಲೆ ಕೆಟ್ಟಿತ್ತು...

ಅವಳು ನಿಧಾನವಾಗಿ ತಲೆಯೆತ್ತಿದಳು. ಎದುರಿಗೆ, ಅಡುಗೆಮನೆಯ ತೊಟ್ಟಿಯ ಪಕ್ಕದಲ್ಲಿ, ಆಗಷ್ಟೇ ಅಂಟು ಸೋಸಿ ತೊಳೆದಿಟ್ಟ ಸ್ಟೀಲಿನ ಜರಡಿ ಬೋರಲಾಗಿ ಬಿದ್ದಿತ್ತು.

ಅಂಟು ಕಾಯಿಸಿದ ಮೇಲೆ ಗಂಟಿಲ್ಲದಂತೆ ಸೋಸಬೇಕು. ಅದಕ್ಕೆ ಸಣ್ಣ ಕಣ್ಣಿನ ಜರಡಿ ಬೇಕು. ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ. ಅದರಲ್ಲೇ ಭಾನುವಾರ ಬೆಳಿಗ್ಗೆ ಅಂಟು. ಅದರಲ್ಲೇ ವಾರವಿಡೀ ಅವನ ಸೂಪು, ಅವನ ಹಣ್ಣಿನ ರಸ.

ಜರಡಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ನಡುವೆ ಬೆಳಕು ತೂರಿತು. ಅಂಚಿನ ಮಡಿಕೆಯ ಉದ್ದಕ್ಕೂ ತೂರಲಿಲ್ಲ. ಕಾಗದ ಮಡಚುವ ಮೂಳೆಪಟ್ಟಿಯ ತುದಿಯಿಂದ ಕೆರೆದಳು. ಬಿಳಿಯ ಹೊಪ್ಪಳೆಯೊಂದು ಅಂಗೈ ಮೇಲೆ ಉದುರಿತು. ಒಣಗಿದ ಅಂಟು. ಹುಳು ಬೀಳದಂತೆ ಅದಕ್ಕೆ ಬೆರೆಸುವ ಲವಂಗದೆಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ.

ಜರಡಿಯ ಹಿಡಿಯಲ್ಲಿ ಕೆಂಪು ದಾರ. ಅವಳೇ ಕಟ್ಟಿದ್ದು.

ಗೋಧಿಯ ತಿನಿಸು ಸೋಕಕೂಡದು ಎಂದು ಕಾನೂನು ಮಾಡಿದ್ದಳು. ಅಂಟು ತಿನಿಸಲ್ಲವಲ್ಲ! ಹದಿನೈದು ವರ್ಷ ಅದರಲ್ಲೇ ಕೈಯಾಡಿಸಿದವಳಿಗೆ ಅದು ಸೂಜಿಯ ಹಾಗೆ, ದಾರದ ಹಾಗೆ ಒಂದು ಸಾಮಾನು. ಹಿಟ್ಟೆಂದು ಒಮ್ಮೆಯೂ ಹೊಳೆಯಲಿಲ್ಲ.

ಮೊದಲ ದಿನವೇ ಅವನು ಕೇಳಿದ್ದ. ಯಾವುದರಲ್ಲಿ ಮಾಡ್ತೀರಿ?... ಮೊಣಕೈವರೆಗೆ ತೊಳೆದುಕೊಂಡಿದ್ದ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅವಳಿಗೆ ಅಳು ಬರಲಿಲ್ಲ. ಜರಡಿ ಹಿಡಿದು, ಒಲೆಯ ಮುಂದೆ ನೆಲದ ಮೇಲೆ ಬಹಳ ಹೊತ್ತು ಕೂತಿದ್ದಳು.

*

ಅಂದು ನಾಲ್ಕು ಸಲ ಕರೆ ಮಾಡಿದಳು. ಅವನು ಎತ್ತಲಿಲ್ಲ.

ಮರುದಿನ ಗ್ರಂಥಾಲಯದಲ್ಲಿ, ಊಟದ ಬಿಡುವಿನಲ್ಲಿ, ಅವಳು ಲಿಫ್ಟಿನೊಳಗೆ ಹೋಗಿ ಗಂಟೆಯ ಚಿತ್ರವಿದ್ದ ಹಳದಿ ಗುಂಡಿಯನ್ನು ಒತ್ತಿ ಹಿಡಿದಳು. ಈ ಫೋನನ್ನು ಮಾತ್ರ ಅವನು ಎತ್ತಲೇಬೇಕು.

"ನಮಸ್ಕಾರ. ಹೆದರಬೇಡಿ, ಲಿಫ್ಟ್ ಬೀಳಲ್ಲ. ಒಳಗೆ ಎಷ್ಟು ಜನ ಇದ್ದೀರಿ?"

ಅದೇ ದನಿ.

"...ಒಬ್ಬಳೇ."

ಆ ಕಡೆ ಕುರ್ಚಿ ಕಿರುಗುಟ್ಟಿತು.

"ಎಲ್ಲಿ ನಿಂತಿದೆ?"

"ಲಿಫ್ಟ್ ಸರಿಯಾಗೇ ಇದೆ. ಬಾಗಿಲೂ ತೆಗೆದಿದೆ."

"ಇದು ತುರ್ತು ಕರೆಗೆ ಮಾತ್ರ ಇರೋದು."

"ತುರ್ತೇ. ಎರಡು ನಿಮಿಷ ಕೇಳು. ಆಮೇಲೆ ಬೇಕಾದ್ರೆ ಇಟ್ಬಿಡು."

ಅವನು ಇಡಲಿಲ್ಲ. ಅವಳು ಹೇಳಿದಳು. ಒಲೆ ಕೆಟ್ಟದ್ದು, ಭಾನುವಾರದ ಅಂಟು, ಜರಡಿ, ಅಂಗೈ ಮೇಲೆ ಉದುರಿದ ಬಿಳಿಯ ಹೊಪ್ಪಳೆ. ಒಂದನ್ನೂ ಬಿಡಲಿಲ್ಲ.

"ನೀನು ತಿಂದಿರ್ಲಿಲ್ಲ. ನಾನೇ ತಿನ್ನಿಸಿದ್ದು. ನೀನು ಆ ಕುರ್ಚಿ ಮೇಲೆ ಕೂತಿರೋದೂ ನನ್ನಿಂದಾನೇ. ಅದನ್ನ ಹೇಳೋಕೆ ಒತ್ತಿದೆ... ಅಷ್ಟೇ."

ಅವನು ಎದ್ದು ಬಾಗಿಲು ಮುಚ್ಚಿದ ಸದ್ದು ಕೇಳಿತು.

"ನಾನೂ ಒಂದು ಹೇಳ್ಬೇಕು," ಎಂದ ಅವನು. "ಅವತ್ತು ಮನೆ ಬಿಟ್ಟು ಬಂದೆನಲ್ಲ, ನೇರ ಬೇಕರಿಗೆ ಹೋದೆ. ಬನ್ ತಿಂದೆ. ಎರಡು."

"ಯಾಕೆ?!"

"ಹೇಗಿದ್ರೂ ತಿಂದೋನು ಅಂತ ಹೆಸರು ಬಂತಲ್ಲ, ತಿಂದೇಬಿಡೋಣ ಅಂತ. ಹತ್ತು ದಿನ ಹಾಸಿಗೆ ಹಿಡಿದೆ. ಆಮೇಲೆ ಯಾವ ಮುಖ ಇಟ್ಕೊಂಡು ಬರಲಿ? ನೀನು ಹೇಳಿದ್ದು ಸುಳ್ಳು ಅನ್ನೋಕೆ ನನಗೆ ಬಾಯೇ ಉಳಿದಿರ್ಲಿಲ್ಲ."

ಅವಳು ಲಿಫ್ಟಿನ ಗೋಡೆಗೆ ಹಣೆಯೊತ್ತಿ ನಿಂತಳು. ಈಗ ಅಳು ಬಂತು. ಅಳುತ್ತಲೇ ಕೇಳಿದಳು.

"ರುಚಿ ಇತ್ತಾ?"

"ಎಲ್ಲಿಂದ? ಅಳ್ತಾ ತಿಂದ್ರೆ ಎಲ್ಲ ಉಪ್ಪೇ."

ಇಬ್ಬರೂ ನಗಲು ನೋಡಿದರು. ಆಗಲಿಲ್ಲ.

"ಏಳು ತಿಂಗಳು ಕಣೋ..."

"ಹ್ಞೂಂ. ನಿಮ್ಮಲ್ಲಿ ಪುಸ್ತಕದ ಹಾಳೆ ಕಳೆದುಹೋದ್ರೆ ಏನ್ ಮಾಡ್ತೀರಿ?"

"ಆ ಜಾಗಕ್ಕೆ ಖಾಲಿ ಹಾಳೆ ಸೇರಿಸಿ ಹೊಲೀತೀವಿ. ಬರೆದಿದ್ದು ವಾಪಸ್ ಬರಲ್ಲ."

"ಲೈನ್ ಬಿಡು. ಇನ್ಯಾರೋ ನಿಜವಾಗ್ಲೂ ಸಿಕ್ಕಿಕೊಂಡಿರ್ತಾರೆ," ಎಂದ.

ಕರೆ ಕಡಿಯಿತು.

ಬರುತ್ತೇನೆ ಎಂದಿರಲಿಲ್ಲ. ಬರುವುದಿಲ್ಲ ಎಂದೂ ಅಂದಿರಲಿಲ್ಲ. ಐದು ಗಂಟೆಗೆ ಎಲ್ಲರೂ ಹೋದ ಮೇಲೂ ಅವಳು ಮೂರನೆಯ ಮಹಡಿಯಲ್ಲಿ, ಲಿಫ್ಟಿನ ಮುಂದಿನ ಬೆಂಚಿನ ಮೇಲೆ ಕೂತಿದ್ದಳು. ಮೇಲಿನ ಕೆಂಪು ಅಂಕಿ ಸೊನ್ನೆಯಲ್ಲೇ ನಿಂತಿತ್ತು. ಅದು ಬದಲಾಗಲೇ ಇಲ್ಲ.

ಸದ್ದು ಬಂದದ್ದು ಮೆಟ್ಟಿಲ ಕಡೆಯಿಂದ.

ಹತ್ತು ಹೆಜ್ಜೆ. ನಿಂತಿತು. ಮತ್ತೆ ಹತ್ತು ಹೆಜ್ಜೆ. ಮತ್ತೆ ನಿಂತಿತು. ಹಿಂದೆ ಒಂಬತ್ತು ಮಹಡಿ ಕಂಬಿ ಹಿಡಿದು ಹತ್ತುತ್ತಿದ್ದವನ ಹೆಜ್ಜೆಗಳು! ಪ್ರತಿ ನಿಲುಗಡೆಯೂ ಅವಳ ಎದೆಗೆ ಬಂದು ಬಡಿಯಿತು. ಓಡಿಹೋಗಿ ತೋಳು ಕೊಡಬೇಕೆನಿಸಿತು. ಯಾವ ಮುಖದಿಂದ?

ಅವನು ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ತೆಳ್ಳಗಾಗಿದ್ದ. ಆದರೆ ಕಣ್ಣಿನಲ್ಲಿ ಹಳೆಯ ಕಳೆಯಿತ್ತು.

"ಲಿಫ್ಟಲ್ಲಿ ಬರಬಾರದಿತ್ತಾ?"

"ದಿನಾ ಮೂರು ಮಹಡಿ ಹತ್ತಬೇಕು ಅಂದಿದ್ದಾರೆ ಡಾಕ್ಟರು."

"ಮತ್ತೆ ಮೇಲಿನ ಕೆಲಸಕ್ಕೆ...?"

"ಆಗುತ್ತೆ ಅಂದಿಲ್ಲ. ಆಗಲ್ಲ ಅಂತಾನೂ ಅಂದಿಲ್ಲ."

ಅವಳು ತಲೆ ತಗ್ಗಿಸಿದಳು. ಕ್ಷಮಿಸು ಎಂಬ ಮಾತು ತೀರ ಸಣ್ಣದೆನಿಸಿತು. ಆದರೂ ಹೇಳಿದಳು. ಅವನು ಪರವಾಗಿಲ್ಲ ಎನ್ನಲಿಲ್ಲ. "ಹ್ಞೂಂ," ಎಂದ. ಸುಳ್ಳು ಸಮಾಧಾನಕ್ಕಿಂತ ಅದೇ ಅವಳಿಗೆ ಬೇಕಾಗಿತ್ತು.

"ಆ ಜರಡಿ?"

"ಬಿಸಾಕಿದೆ. ಒಲೆ ಹತ್ರ ಇದ್ದ ಸೌಟು, ಪಾತ್ರೆ, ಎಲ್ಲ. ಅಂಟು ಇನ್ಮೇಲೆ ಅಕ್ಕಿ ಹಿಟ್ಟಲ್ಲಿ ಮಾಡ್ತೀನಿ. ಅದೂ ಇಲ್ಲೇ, ಒಲೆ ನಾನೇ ತಂದಿಡ್ತೀನಿ. ಮನೇಲಲ್ಲ."

"ಅಕ್ಕಿ ಹಿಟ್ಟು ಅಂಟುತ್ತಾ?"

"ಒಣಗೋಕೆ ಸ್ವಲ್ಪ ತಡ. ಆದರೆ ಅಂಟುತ್ತೆ."

ಅವನು ಲಿಫ್ಟಿನ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ. ಆಮೇಲೆ ಅವಳ ಮಡಿಲಿನ ಕಡೆ ನೋಡಿದ.

"ಕೈ ತೊಳ್ಕೊಂಡಿದೀಯಾ?"

"ಮೂರು ಸಲ. ಉಗುರಿನ ಸಂದೂ ಬಿಟ್ಟಿಲ್ಲ."

"ಹಾಗಾದ್ರೆ ಕೊಡು."

"ಏನು?"

"ಕೈ."