ಕೂದಲುಂಡ ಬೇಲಿ

“ನೀರ ಹಾಕ್ರಿ ಮಾಸ್ತರ್ರ, ಸೆಗಣಿ ಹಾಕ್ರಿ. ಮನುಷ್ಯಾರ ಮೈಯಿಂದ ಉದುರಿದ್ದು ಮಾತ್ರ ಒಂದ ಎಳಿನೂ ಆ ಬೇಲಿಗಿ ಹಾಕಬ್ಯಾಡ್ರಿ. ಅದು ಕರೆಪ್ಪ ನೆಟ್ಟದ್ದು.”

ನೆರೆಮನೆಯ ಕುರುಬರ ಸತ್ತೆವ್ವ ಹೀಗೆಂದಾಗ ಕಿಶೋರನ ಅಂಗೈಯಲ್ಲಿ ಹೆಂಡತಿಯ ಕೂದಲುಂಡೆಯಿತ್ತು. ತಲೆ ಬಾಚಿಕೊಂಡಾಗ ಉದುರಿದ್ದನ್ನು ಬೆರಳಿಗೆ ಸುತ್ತಿ, ಕೂದಲಿಗೆ ಪಾತ್ರೆ ಕೊಡುವವನು ಬರುವವರೆಗೆ ಹಿತ್ತಲಗೋಡೆಯ ಸಂದಿನಲ್ಲಿ ತುರುಕಿಡುವುದು ಪೂನಮ್ ತನ್ನ ತವರಾದ ಮೂಡಲಗಿಯಿಂದ ತಂದ ರೂಢಿ. ಕೂದಲು ಮಣ್ಣಿನಲ್ಲಿ ಕೊಳೆತರೆ ಗಿಡಕ್ಕೆ ಸತ್ವವೆಂದು ಕಿಶೋರ ಓದಿದ್ದ. ಸಂದಿನಲ್ಲಿದ್ದುದನ್ನೆಲ್ಲ ಕೆದಕಿ ತಂದು ಬೇಲಿಯ ಬುಡ ಅಗೆಯುತ್ತಿದ್ದ.

“ಹಾಕಿದರ ಏನಾಕ್ಕೇತಿ ಆಯಿ? ದಿನಾ ಬೇಲಿಗಿ ಹೆರಳ ಹಾಕಬೇಕಾಗತೈತೇನು?” ಎಂದು ನಕ್ಕ.

ಸತ್ತೆವ್ವ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಬೇಲಿಗೆ ಬೆನ್ನು ತೋರಿಸದೆ, ಹಿಂದಕ್ಕೇ ಹೆಜ್ಜೆಯಿಡುತ್ತ ತನ್ನ ಅಂಗಳ ಸೇರಿದಳು. ಕಿಶೋರ ಕೂದಲನ್ನೆಲ್ಲ ಬುಡದಲ್ಲಿ ಹೂತು ಮಣ್ಣು ಮುಚ್ಚಿದ.

ಕಿಶೋರ ನಿಡಸೋಸಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಅಜ್ಜನ ಕಾಲಕ್ಕೇ ಬುದ್ಧನ ಪಟವನ್ನು ಮನೆಗೆ ತಂದು, ಮಾಟ-ಮಂತ್ರಗಳ ಹೆದರಿಕೆಯನ್ನು ಹೊಸ್ತಿಲಾಚೆ ಗುಡಿಸಿಹಾಕಿದ ಮನೆತನ ಅವನದು. ಯಮಕನಮರಡಿಯ ಅಂಚಿನ, ಮಾಟಗಾರನೆಂದು ಊರು ಅಂಜುತ್ತಿದ್ದ ಕರೆಪ್ಪ ಹಿಂದೆ ಬಾಳಿದ್ದ ಈ ಮನೆಯನ್ನು ಅವನು ಕೊಂಡದ್ದೇ ಬೇಲಿಯನ್ನು ಕಂಡು. ಹೆದ್ದಾರಿಯಲ್ಲಿ ಕಬ್ಬಿನ ಲಾರಿಗಳು ಎಬ್ಬಿಸುವ ಧೂಳಿಗೆ ಪೂನಮ್‌ಗೆ ಆಗಾಗ ಕೆಮ್ಮು ಏಳುತ್ತಿತ್ತು. ರಸ್ತೆಗೂ ಮನೆಗೂ ನಡುವೆ ಆಳೆತ್ತರ ನಿಂತ ಈ ಹಸಿರು ಗೋಡೆ ಅವಳ ಉಸಿರನ್ನು ಕಾಯಲಿ ಎಂಬುದು ಅವನ ಆಸೆ. ಪುಸ್ತಕಗಳು ಸೀಡರ್ ಎಂದು ಕರೆಯುವ, ನರ್ಸರಿಯವರು ಮೋರಪಂಖಿ ಎನ್ನುವ, ಶಾಲೆಯ ಮಕ್ಕಳು ಎಲೆ ಕಿತ್ತು ಪಾಠದ ಹಾಳೆಗಳ ನಡುವೆ ಇಟ್ಟುಕೊಳ್ಳುವ ಗಿಡ ಅದು. ಅದರ ಆರೈಕೆಯನ್ನು ಅವನು ಶ್ರದ್ಧೆಯಿಂದ ಕಲಿತಿದ್ದ. ಬುಡ ಅಗಲವಾಗಿ, ನೆತ್ತಿ ಕಿರಿದಾಗಿ ಕತ್ತರಿಸಬೇಕು. ಇಲ್ಲವಾದರೆ ಕೆಳಗಿನ ಎಲೆಗೆ ಬಿಸಿಲು ಸಿಗದು. ಒಳಗಿನ ಕಂದು ಕಟ್ಟಿಗೆಗೆ ಕತ್ತರಿ ತಾಗಿಸಬಾರದು. ಅಲ್ಲಿ ಮತ್ತೆ ಚಿಗುರದು.

ಕೂದಲುಂಡ ಬೇಲಿ ಕಣ್ಣೆದುರೇ ಉಕ್ಕಿತು. ಹಳದಿಗಟ್ಟಿದ್ದ ಎಲೆಗಳು ಕಪ್ಪುಹಸಿರಾದವು. ಕರ್ಪೂರದಂಥ ಅದರ ಕಂಪಿನೊಳಗೆ ಇನ್ನೊಂದು ವಾಸನೆ ಸೇರಿಕೊಂಡಿತು. ಅದು ಎಣ್ಣೆ ಹಚ್ಚಿದ ತಲೆಯ, ಮಲಗಿ ಎದ್ದ ದಿಂಬಿನ ವಾಸನೆ. ಹಕ್ಕಿಗಳು ಅದರ ಮೇಲಿಂದ ಹಾರುವಾಗ ದಾರಿ ಬದಲಿಸುತ್ತಿದ್ದವು. ಗಾಳಿಯಿಲ್ಲದ ಮಧ್ಯಾಹ್ನಗಳಲ್ಲಿಯೂ ಒಳಗಿನಿಂದ ಮೆಲ್ಲನೆಯ ಸದ್ದೊಂದು ಬರುತ್ತಿತ್ತು, ಯಾರೋ ಹಣಿಗೆಯನ್ನು ಉದ್ದಕ್ಕೆ ಎಳೆದಂತೆ.

ಬೇಲಿ ಏರಿದಂತೆ ಪೂನಮ್‌ಳ ಉಸಿರು ಇಳಿಯಿತು. ಮೊದಲು ಮೆಟ್ಟಿಲು ಹತ್ತುವಾಗ ಏದುತ್ತಿದ್ದಳು. ಆಮೇಲೆ ರೊಟ್ಟಿ ಬಡಿಯುವಾಗಲೂ ನಡುನಡುವೆ ನಿಂತು ಬಾಯಿ ತೆರೆದು ಗಾಳಿ ಹುಡುಕತೊಡಗಿದಳು. ಕೊರಳ ಸುತ್ತ ಯಾವುದೋ ದಾರ ಬಿಗಿದಂತಾಗುತ್ತದೆ ಎಂದಳು. ಘಟಪ್ರಭಾದ ವೈದ್ಯರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, ಶ್ವಾಸಕೋಶದಲ್ಲಿ ದೋಷವೇನೂ ಇಲ್ಲವೆಂದರು. ಧೂಳೇ ಕಾರಣವೆಂದು ಕಿಶೋರ ಬೇಲಿಗೆ ಇನ್ನಷ್ಟು ಗೊಬ್ಬರ ಸುರಿದ.

ಒಂದು ಉರಿಬಿಸಿಲಿನ ಮಧ್ಯಾಹ್ನ ಪೂನಮ್‌ಳ ತುಟಿಗಳು ನೀಲಿಗಟ್ಟಿದವು. ಅವಳನ್ನು ಮಂಚದ ಮೇಲೆ ಒರಗಿಸಿ ಅವನು ಗಾಡಿಯ ಕೀಲಿ ಹುಡುಕುತ್ತಿದ್ದ. ಆಗ ಕಿಟಕಿಯಾಚೆಯಿಂದ ಹಣಿಗೆಯೆಳೆದ ಸದ್ದು ಕೇಳಿತು. ಅದು ನಿಂತೊಡನೆ ಹೆಂಡತಿಯ ಎದೆಯೂ ನಿಂತಿತು. ಮತ್ತೆ ಮೊದಲಾದೊಡನೆ ಎದೆಯೂ ಏರಿತು.

ಕೀಲಿ ಕೈಯಿಂದ ಜಾರಿತು. ಅವನು ಹೊರಗೋಡಿದ.

ಬೇಲಿಯನ್ನು ಎರಡೂ ಕೈಗಳಿಂದ ಬಗೆದು ತಲೆಯನ್ನು ಒಳಗೆ ತೂರಿಸಿದ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಬಾವಿಯ ತಳದಂಥ ಕತ್ತಲೆ. ಕತ್ತಲೆಗೆ ಮೈಬಿಸಿಯಿತ್ತು. ಉಗುರುಗಳಿಂದಲೇ ಬುಡದ ಮಣ್ಣು ಕೆದಕಿದ. ಕೂದಲು ಕೊಳೆತಿರಲಿಲ್ಲ. ಬೆಳೆದಿತ್ತು. ಬಿಳಿಯ ಬೇರುಗಳೂ ಕರಿಯ ಕೂದಲೂ ಒಂದರೊಳಗೊಂದು ಹೆಣೆದುಕೊಂಡು, ನೆತ್ತಿಯಷ್ಟೇ ಬೆಚ್ಚಗೆ, ಎಣ್ಣೆಯಷ್ಟೇ ನುಣ್ಣಗೆ ಮಣ್ಣಿನೊಳಕ್ಕೆ ಇಳಿದಿದ್ದವು.

ಅವನು ಹಿಡಿದೆಳೆದ. ಮನೆಯೊಳಗಿಂದ ಪೂನಮ್ ಚೀರಿದಳು.

ಬಿಟ್ಟ. ಚೀರು ನಿಂತಿತು.

ಅವನು ಪ್ರಯೋಗಶಾಲೆಯ ಮನುಷ್ಯ. ಒಮ್ಮೆ ಕಂಡದ್ದು ಆಕಸ್ಮಿಕವಿರಬಹುದು, ಮತ್ತೊಮ್ಮೆ ಕಂಡರಷ್ಟೇ ಸಾಕ್ಷಿ. ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದ ಪಾಠ ಆ ಕ್ಷಣದಲ್ಲಿಯೂ ಅವನ ಕೈಯನ್ನು ಆಳಿತು. ಮತ್ತೆ ಎಳೆದ.

ಈ ಸಲ ಚೀರು ಬರಲಿಲ್ಲ. ಏನೂ ಬರಲಿಲ್ಲ. ಮನೆ ಸ್ತಬ್ಧವಾಯಿತು. ಬೇಲಿ ಸ್ತಬ್ಧವಾಯಿತು. ಬೆರಳುಗಳನ್ನು ಬಿಡಿಸಲು ನೋಡಿದ. ಬಿಡಲಿಲ್ಲ. ಕೂದಲು ಮಣಿಕಟ್ಟಿಗೆ ಸುತ್ತಿತ್ತು. ಒದರಿದ. ಅತ್ತ. ಹಲ್ಲಿನಿಂದ ಕಚ್ಚಿದ. ಆಗ ಹಿಂದಿನಿಂದ ಎರಡು ಒರಟು ಕೈಗಳು ಅವನ ಭುಜ ಹಿಡಿದವು.

“ಜಗ್ಗಬ್ಯಾಡ್ರಿ. ಜಗ್ಗಿದರ ಅಕಿನ್ನ ಜಗ್ಗಿದಂಗ. ಕೈ ಸಡಲ ಬಿಡ್ರಿ,” ಎಂದಳು ಸತ್ತೆವ್ವ.

ಅವನು ಕೈ ಸಡಿಲಿಸಿದ. ಕೂದಲೂ ಸಡಿಲಿತು. ಒಳಗೆ ಪೂನಮ್ ನೀರಿನಿಂದ ಮೇಲೆದ್ದವಳಂತೆ ಒಮ್ಮೆ ಉಸಿರೆಳೆದದ್ದು ಇಬ್ಬರಿಗೂ ಕೇಳಿಸಿತು.

ಕರೆಪ್ಪನ ಬೇಲಿಯ ಎಲೆಗೆ ಕುರಿಗಳು ಬಾಯಿ ಹಾಕಿದವೆಂಬ ಜಗಳದಿಂದ ತನ್ನ ಅಣ್ಣ ಮಾಳಪ್ಪ ಸತ್ತ ಬಗೆಯನ್ನು ಸತ್ತೆವ್ವ ಆಗ ಹೇಳಿದಳು. ಕ್ಷೌರದ ಕಟ್ಟೆಯಿಂದ ಅವನ ಕೂದಲು ತಂದು ಕರೆಪ್ಪ ಇದೇ ಬುಡಕ್ಕೆ ಇಕ್ಕಿದ್ದ. ಬೇಲಿ ಒಣಗಿದರೆ ಕೂದಲಿನವರ ಜೀವವೂ ಒಣಗುವುದು. ಸೊಂಪಾಗಿ ಬೆಳೆದರೆ ಉಸಿರು ಬಿಗಿಯುವುದು. ಬಿಡಿಸುವ ದಾರಿ ಒಂದೇ: ಇನ್ನೊಬ್ಬರು ತಾವಾಗಿ ಒಪ್ಪಿ ತಮ್ಮ ಕೂದಲನ್ನು ಕೊಟ್ಟು ಆ ಕಟ್ಟನ್ನು ತಾವು ಹೊರಬೇಕು.

“ನಮ್ಮವ್ವ ಕೊಟ್ಟಿದ್ಲ್ರಿ. ಆದರ ಅದು ಅಣ್ಣಗ ತಿಳೀತು. ಕಟ್ಟು ಹೊಳ್ಳಿ ಅವನ ಮ್ಯಾಲೇ ಬಿತ್ತು. ಯಾರ ಸಲುವಾಗಿ ಕೊಡತೀರೋ ಅವರಿಗಿ ಎಂದೂ ತಿಳೀಬಾರದು, ಮಾಸ್ತರ್ರ. ಸಾಯೂತನಕ ಬಾಯಿ ಬಿಡಬಾರದು.”

ಬೇಲಿ ಕತ್ತರಿಸುವ ದೊಡ್ಡ ಕತ್ತರಿ ಹುಲ್ಲಿನ ಮೇಲೆ ಬಿದ್ದಿತ್ತು. ಕಿಶೋರ ಅದನ್ನೆತ್ತಿ ತನ್ನ ಕಿವಿಯ ಮೇಲಿನ ಕೂದಲನ್ನು ಹಿಡಿಹಿಡಿಯಾಗಿ ಕತ್ತರಿಸಿದ. ಅಲಗು ತಾಗಿದ ಕಡೆ ರಕ್ತ ಒಸರಿತು. ಎಲ್ಲವನ್ನೂ ಬೇರುಗಳ ನಡುವೆ ಇಟ್ಟು ಮಣ್ಣು ಎಳೆದ. ಮಣ್ಣಿನೊಳಗೆ ಏನೋ ಮಗ್ಗುಲಾಯಿತು. ಪೂನಮ್‌ಳ ಕೂದಲು ತಾನಾಗಿ ಮೇಲೆದ್ದು ಬಂತು. ಹಗುರವಾಗಿ, ಬಣ್ಣಗೆಟ್ಟು, ಜೇಡರಬಲೆಯಂತೆ ಗಾಳಿಗೆ ಹರಿದುಹೋಯಿತು.

ಅವನ ಕೊರಳ ಸುತ್ತ ಮೆಲ್ಲನೆ ಒಂದು ದಾರ ಕೂತಿತು.

ಮಳೆಗಾಲ ಕಳೆಯುವ ಹೊತ್ತಿಗೆ ಪೂನಮ್ ತುಂಬಿಕೊಂಡಿದ್ದಳು. ಕೆನ್ನೆಗೆ ಕೆಂಪು ಮರಳಿತು; ಮುಂಜಾನೆ ಮಗ್ಗಿನಲ್ಲಿ ನೀರು ಮೊಗೆಯುತ್ತ ಹಾಡಿಕೊಳ್ಳುತ್ತಿದ್ದಳು. ಧೂಳನ್ನು ತಡೆದು ತನ್ನನ್ನು ಬದುಕಿಸಿದ್ದು ಈ ಬೇಲಿಯೇ ಎಂದು ಅವಳಿಗೆ ಖಾತ್ರಿಯಾಗಿತ್ತು. ಗಂಡನಿಗೆ ಈಚೆಗೆ ಮೈಯಲ್ಲಿ ತ್ರಾಣವಿಲ್ಲವೆಂದು ಅದರ ಆರೈಕೆಯನ್ನೆಲ್ಲ ತಾನೇ ವಹಿಸಿಕೊಂಡಿದ್ದಳು. ಕಿಶೋರ ಕದ್ದು ತುದಿ ಕತ್ತರಿಸಿ ನೋಡಿದ್ದ. ಕತ್ತರಿಸಿದಷ್ಟೂ ಒಳಗೊಳಗೇ ದಟ್ಟವಾಗುವುದು ಅದರ ಗುಣ. ಕತ್ತರಿಸಿದಾಗಲೆಲ್ಲ ಆ ದಾರ ಇನ್ನಷ್ಟು ಬಿಗಿಯಿತು. ಸತ್ತೆವ್ವ ತನ್ನ ಅಂಗಳದಿಂದ ಅವನನ್ನು ನೋಡುವಳು, ತಲೆ ತಗ್ಗಿಸುವಳು.

ಒಂದು ಮುಂಜಾನೆ ಪೂನಮ್ ಶೇಂಗಾ ಹಿಂಡಿ ನೆನೆಸಿ ಬುಡಕ್ಕೆಲ್ಲ ಹರಡಿ, ಕೆಸರುಗೈಯನ್ನು ಸೊಂಟಕ್ಕೆ ಊರಿ ನಿಂತಳು.

“ಹೆಂಗ ಸೊಕ್ಕೇತಿ ನೋಡ್ರಿ. ನಿಮ್ಮಕಿಂತ ಚಲೋ ಜ್ವಾಕಿ ಮಾಡೇನಿ ಹೌದಲ್ಲೋ? ನನಗ ಉಸಿರ ಕೊಟ್ಟದ್ದು ಇದು. ಇದಕ್ಕ ಏನ ಕೊಟ್ಟರೂ ಕಡಿಮಿನ.”

ಕಟ್ಟೆಯ ಮೇಲೆ ಕುಳಿತಿದ್ದ ಕಿಶೋರ ಹೌದೆಂದು ತಲೆಯಾಡಿಸಿದ. ಮಾತಿಗೆ ಬೇಕಾದ ಗಾಳಿ ಎದೆಯಲ್ಲಿರಲಿಲ್ಲ. ಇದ್ದಿದ್ದರೂ ಆಡುವಂತಿರಲಿಲ್ಲ.

ಅವಳು ಪೈಪಿನ ತುದಿಯನ್ನು ಬುಡದತ್ತ ಹಿಡಿದು, ತಿರುಗದೆಯೇ, “ನಳಾ ಬಿಡ್ರಿ,” ಎಂದಳು.

ಅವನು ಗೋಡೆ ಹಿಡಿದು ಎದ್ದ. ಅವಳ ತುಂಬಿದ ಬೆನ್ನು ನಿರಾಳವಾಗಿ ಏರಿಳಿಯುವುದನ್ನು ಒಂದು ಗಳಿಗೆ ನೋಡಿದ. ಆಮೇಲೆ ನಳ ತಿರುಗಿಸಿದ.