ಕರೆತಂದವನ ಕೈ

ಆವತ್ತು ಮದುವೆಮನೆಯಲ್ಲಿ ಬ್ರೋನ್ಕಾಳ ಮುಖ ಅರಳಿದ್ದನ್ನು ಊರಿಗೆ ಊರೇ ನೋಡಿತು. ಯಾರಿಗಾಗಿ ಅರಳಿತು ಅನ್ನುವುದನ್ನು ಮಾತ್ರ ಊರಿಗೆ ಊರೇ ತಪ್ಪು ತಿಳಿಯಿತು.

ನಮ್ಮ ಬೆಟ್ಟದ ಕುಣಿತವೇ ಹಾಗೆ. ಕುಣಿಯಬೇಕೆನ್ನುವ ಗಂಡಸು ಪಿಟೀಲಿನವರ ಮುಂದೆ ನಿಂತು ಒಂದು ಪದ ಹಾಡುತ್ತಾನೆ. ಆದರೆ ಹುಡುಗಿಯನ್ನು ಅವನೇ ಹೋಗಿ ಕರೆಯುವಂತಿಲ್ಲ, ಅದು ಮರ್ಯಾದೆಯಲ್ಲ. ಅವನ ಗೆಳೆಯ ಹೋಗಬೇಕು. ಕೈ ಹಿಡಿದು ಕರೆತಂದು, ತನ್ನ ತೋಳಿನ ಕೆಳಗೆ ಅವಳನ್ನು ಒಂದು ಸುತ್ತು ತಿರುಗಿಸಿ, ಕೈಬಿಟ್ಟು, ಪಕ್ಕಕ್ಕೆ ಸರಿಯಬೇಕು. ಆಮೇಲಿನ ಕುಣಿತವೆಲ್ಲ ಹಾಡಿದವನದು. ಕರೆತಂದವನನ್ನು ಯಾರು ನೋಡುತ್ತಾರೆ? ಕಾಗದ ತಂದ ಅಂಚೆಯವನ ಮುಖ ಯಾರಿಗೆ ನೆನಪಿರುತ್ತದೆ, ಹೇಳಿ.

ಎರಡು ವರ್ಷದ ಹಿಂದಿನ ಮಾತು. ಬ್ರೋನ್ಕಾಳ ಚಿಕ್ಕಮ್ಮನ ಮಗಳ ಮದುವೆ. ಹುಳಿ ಕೋಸಿನ ಸಾರಿನ ಪಾತ್ರೆ ಹೊತ್ತು ಬ್ರೋನ್ಕಾ ಅಡುಗೆಮನೆಯ ಬಾಗಿಲಿಗೆ ಬಂದಳು. ಎದುರಿಗೆ ಷಿಮೆಕ್ ನಿಂತಿದ್ದ. ಮರ ಕೊಯ್ಯುವ ಮಿಲ್ಲಿನಲ್ಲಿ ಕೆಲಸ, ಹತ್ತು ಕೇಳಿದರೆ ಒಂದು ಮಾತಾಡುವ ಹುಡುಗ. ಕೂದಲಲ್ಲಿ ಯಾವಾಗಲೂ ಒಂದಿಷ್ಟು ಮರದ ಪುಡಿ.

"ಪಾತ್ರೆ ಇಡು, ಕೈ ಕೊಡು" ಅಂದ.

"ಕೈಯೆಲ್ಲಾ ಸಾರು ಕಣೋ."

"ಇರ್ಲಿ ಬಿಡು. ನನ್ನ ಕೈಗೂ ಸ್ವಲ್ಪ ರುಚಿ ಹತ್ಲಿ."

ಅಷ್ಟೇ. ಅಷ್ಟಕ್ಕೇ ಬ್ರೋನ್ಕಾಳ ಮುಖ ಅರಳಿತು. ಅವನು ಬೇರೆ ಯಾರದೋ ಪರವಾಗಿ ಬಂದಿದ್ದಾನೆ ಅನ್ನುವುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಳಗಿದ್ದವಳಿಗೆ ಹಾಡಿದವರು ಯಾರೆಂದು ಕೇಳಿಸಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೈ ಅವನದಾಗಿತ್ತು, ಸಾಕು. ಬಾಗಿಲಿನಿಂದ ಪಿಟೀಲಿನವರೆಗಿನ ಆ ನಾಲ್ಕು ಹೆಜ್ಜೆ ಅವಳು ಕುಣಿದೇ ನಡೆದಳು. ಷಿಮೆಕ್ ಒಂದು ಸುತ್ತು ತಿರುಗಿಸಿದ, ಕೈಬಿಟ್ಟ. ಮುಖದ ನಗು ಇನ್ನೂ ಆರಿರಲಿಲ್ಲ, ಎದುರಿಗೆ ಯೆಂಡ್ರೆಕ್ ನಿಂತಿದ್ದ.

ಯೆಂಡ್ರೆಕ್ ಅಂದರೆ ನಮ್ಮ ಕಣಿವೆಗೇ ಒಳ್ಳೆಯ ಕುಣಿತಗಾರ. ನೋಡೋಕೂ ಚೆಂದ, ತನಗದು ಗೊತ್ತಿರುವುದೊಂದೇ ಕುಂದು. ಆ ಮುಖ ನೋಡಿ ಅವನು ಹಿಗ್ಗಿಹೋದ. ಹೆಂಗಸರು ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದರು. "ಹುಡುಗಿ ಹೇಗೆ ಬಂದ್ಲು ನೋಡಿದ್ರಾ? ಬೆಣ್ಣೆ ಹಾಗೆ ಕರಗಿದ್ಲು!" ಮುಗಿಯಿತು. ಷಿಮೆಕ್ ಕೂಡ ನೋಡಿದ್ದ. ಅವನೂ ಹಾಗೇ ತಿಳಿದ.

ಆಮೇಲಿನದೆಲ್ಲ ಇಳಿಜಾರಿನಲ್ಲಿ ಬಿಟ್ಟ ಗಾಡಿ. ಕಲಾತಂಡ ನಡೆಸುವ ಲುಡ್ವಿಕಾ ಮೇಡಂ ಈ ಜೋಡಿಯನ್ನು ವೇದಿಕೆಗೇ ಏರಿಸಿಬಿಟ್ಟರು. ಯೆಂಡ್ರೆಕ್ ಹಾಡುವುದು, ಷಿಮೆಕ್ ಕರೆತರುವುದು, ಬ್ರೋನ್ಕಾ ಕುಣಿಯುವುದು. ಊರೂರು ತಿರುಗಿದರು, ಚಪ್ಪಾಳೆ ಗಿಟ್ಟಿಸಿದರು. ಎಲ್ಲ ಕಡೆಯೂ ಹುಡುಗಿಯರ ಸಾಲಿನಿಂದ ಪಿಟೀಲಿನವರೆಗೆ ಮಾತ್ರ ಬ್ರೋನ್ಕಾ ಬದುಕುತ್ತಿದ್ದಳು. ಆ ದಾರಿಯಾದರೂ ಎಷ್ಟು ಉದ್ದ? ಉಸಿರು ಎಳೆದು ಬಿಡುವಷ್ಟು.

ಹೆಣ್ಣು ಕೇಳಲು ಬಂದವನೂ ಷಿಮೆಕ್ಕೇ! ನಮ್ಮಲ್ಲಿ ವೋಡ್ಕಾ ಬಾಟಲಿ ಹಿಡಿದು ಗೆಳೆಯ ಮುಂದಾಗಿ ಬರುತ್ತಾನೆ, ಹುಡುಗ ಹಿಂದೆ ನಿಲ್ಲುತ್ತಾನೆ. ಹುಡುಗಿ ಗ್ಲಾಸು ತೆಗೆದುಕೊಂಡು ಕುಡಿದರೆ ಒಪ್ಪಿದ ಹಾಗೆ. ಷಿಮೆಕ್ ಗ್ಲಾಸು ಚಾಚಿದ. ಕಣ್ಣು ನೆಲದ ಮೇಲಿತ್ತು.

"ನೀನೇ ಕೇಳ್ತಿದೀಯಾ?" ಅಂದಳು ಬ್ರೋನ್ಕಾ.

"ಹೂಂ. ನಾನೇ ಕೇಳ್ತಿರೋದು. ಯೆಂಡ್ರೆಕ್‌ಗೆ."

ಎಂಥ ಕೋಪ ಬಂತು ಅವಳಿಗೆ! ಗ್ಲಾಸು ಕಿತ್ತುಕೊಂಡು ಒಂದೇ ಗುಟುಕಿಗೆ ಕುಡಿದಳು. ಮನೆಯವರೆಲ್ಲ ಹೋ ಎಂದು ಕೂಗಿದರು. ಅಮ್ಮ ಅತ್ತೇಬಿಟ್ಟಳು, ಖುಷಿಗೆ. ಕೋಪದಲ್ಲಿ ಕುಡಿದ ಆ ಗ್ಲಾಸು ಅಂದಿನಿಂದ ಬ್ರೋನ್ಕಾಳ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತು.

ಈ ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಪಾದ್ರಿಗಳು ಕೊನೆಯ ಬಾರಿ ಇಬ್ಬರ ಹೆಸರೂ ಕೂಗಿದರು, ಈ ಮದುವೆಗೆ ಯಾರದಾದರೂ ತಕರಾರಿದ್ದರೆ ಹೇಳಿ ಎಂದು. ಇಡೀ ಚರ್ಚಿನಲ್ಲಿ ತಕರಾರಿದ್ದದ್ದು ಮದುಮಗಳೊಬ್ಬಳಿಗೆ. ಅವಳು ಬಾಯಿ ತೆರೆಯಲಿಲ್ಲ. ಮದುವೆ ಬರುವ ಶನಿವಾರ.

ಅದೇ ಮಧ್ಯಾಹ್ನ ಝಕೋಪಾನೆ ಪಟ್ಟಣದಲ್ಲಿ ಬೆಟ್ಟದ ಹಾಡು-ಕುಣಿತದ ಉತ್ಸವ. ಬೆಳಗಿನಿಂದ ಹಾಲ್ನಿ ಬೀಸುತ್ತಿತ್ತು. ಬೆಟ್ಟದ ಮೇಲಿನಿಂದ ಇಳಿದುಬರುವ ಆ ಬಿಸಿಗಾಳಿ ಎದ್ದರೆ ನಮ್ಮವರ ತಲೆ ನೆಟ್ಟಗಿರುವುದಿಲ್ಲ. ದನ ಹಗ್ಗ ಹರಿಯುತ್ತವೆ, ಗಂಡಹೆಂಡಿರು ಕಿತ್ತಾಡುತ್ತಾರೆ. ಸಭಾಂಗಣದ ತಗಡು ಧಡಧಡ ಬಡಿಯುತ್ತಿತ್ತು.

ತೆರೆಯ ಹಿಂದೆ ಯೆಂಡ್ರೆಕ್ ಟೋಪಿಯ ಗರಿ ಸರಿಮಾಡಿಕೊಳ್ಳುತ್ತ ಹಿರಿಯ ಪಿಟೀಲುಗಾರ ಗಾವೆಲ್ ಅಜ್ಜನನ್ನು ಕೆಣಕುತ್ತಿದ್ದ. "ಅಜ್ಜಾ, ಇವತ್ತಾದ್ರೂ ಎಚ್ಚರ ಇದ್ದು ಬಾರಿಸ್ತೀರಾ?"

"ಹೋಗಲೋ! ಪಿಟೀಲಿನ ಮುಂದೆ ನಿಂತು ಹಾಡ್ದೋರು ಕತ್ತೆ ಆದ್ರೂ ನಾನು ಬಾರಿಸ್ಲೇಬೇಕು. ನಮ್ಮಪ್ಪ ಹಾಕ್ಕೊಟ್ಟ ದಾರಿ ಅದು. ಇಲ್ದಿದ್ರೆ ನಿನಗೆ ಯಾರು ಬಾರಿಸ್ತಿದ್ರು?"

ಯೆಂಡ್ರೆಕ್ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಬ್ರೋನ್ಕಾಳ ಹತ್ತಿರ ಬಂದು ದನಿ ತಗ್ಗಿಸಿದ. "ನಮ್ಮ ಹೊಸ ಮನೆಗೆ ನೀನು ಕೇಳಿದ ಕಿಟಕಿ ಇಟ್ಟೆ ಕಣೇ, ಬೆಟ್ಟದ ಕಡೆಗೆ. ನಾನೇ ಕೂರಿಸಿದ್ದು. ಸ್ವಲ್ಪ ಸೊಟ್ಟಗಿದೆ, ಬೈಬೇಡ."

ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಬ್ರೋನ್ಕಾಳಿಗೆ ಬಿಸಿ ತುಪ್ಪ ಬಾಯಲ್ಲಿಟ್ಟ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ತಲೆಯಾಡಿಸಿ ಕತ್ತಲೆ ಮೂಲೆಗೆ ಸರಿದಳು. ಅಲ್ಲಿ ಅವಳ ಹವಳದ ಸರ ಜಡೆಗೆ ಸಿಕ್ಕಿಕೊಂಡಿತು. ಎಳೆದಷ್ಟೂ ಬಿಗಿಯಾಯಿತು.

"ಅಲ್ಲಾಡ್ಬೇಡ." ಹಿಂದಿನಿಂದ ಷಿಮೆಕ್‌ನ ದನಿ.

ಅವನ ಬೆರಳು ಕತ್ತಿನ ಹತ್ತಿರ ಬಂತು, ಕತ್ತನ್ನು ಮುಟ್ಟದೆ ಸರವನ್ನಷ್ಟೇ ಹಿಡಿಯಿತು. ಗೋಡೆಯ ಕನ್ನಡಿಯಲ್ಲಿ ಬ್ರೋನ್ಕಾ ಅವನನ್ನು ನೋಡಿದಳು. ಅವನೂ ನೋಡಿದ. ತಕ್ಷಣ ಕಣ್ಣು ತಪ್ಪಿಸಿ ಜಡೆ ನೋಡಿದ, ಮತ್ತೆ ಕನ್ನಡಿಗೇ ಬಂದ.

"ಕೂದಲಲ್ಲಿ ಮರದ ಪುಡಿ ಇದೆ ನಿಂಗೆ. ಇವತ್ತಾದ್ರೂ ತಲೆ ಬಾಚಬಾರದಾ?"

"ಕರ್ಕೊಂಡು ಬರೋನ ತಲೆ ಯಾರು ನೋಡ್ತಾರೆ?"

"ನಾನು ನೋಡ್ತೀನಿ."

ಸರ ಬಿಡಿಸಿಕೊಂಡಿತು. ಅವನ ಕೈ ಮಾತ್ರ ಅಲ್ಲೇ ಇತ್ತು. "ಇದೇ ಕೊನೆ, ಬ್ರೋನ್ಕಾ. ಗುರುವಾರ ಹೊರಡ್ತೀನಿ. ಪೂರ್ವದ ಕಾಡಲ್ಲಿ ಮರ ಕಡಿಯೋ ಕೆಲಸ ಇದೆ."

"ಶನಿವಾರ ನನ್ನ ಮದುವೆ."

"ಗೊತ್ತು. ಅದಕ್ಕೇ ಗುರುವಾರ."

ಅವಳು ಗಿರಕ್ಕನೆ ತಿರುಗಿದಳು. ಅವನ ಮುಖ ನೋಡಿದಳು. ಅಯ್ಯೋ ದೇವರೇ, ಇವನೂ! ಇಷ್ಟು ದಿನ ಇವನೂ!

"ಷಿಮೆಕ್, ಆ ಮದುವೆಮನೇಲಿ ನನ್ನ ಮುಖ ನೋಡಿದ್ಯಲ್ಲ, ಅದು ಯೆಂಡ್ರೆಕ್‌ಗಲ್ಲ."

"ಏನು?"

"ಯಾರು ಹಾಡಿದ್ರು ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಸಾರಿನ ಕೈ ಹಿಡ್ಕೊಂಡೋನು ನೀನು. ನಾನು ನಕ್ಕಿದ್ದು ಅದಕ್ಕೆ."

ಷಿಮೆಕ್ ಗೋಡೆಗೆ ಒರಗಿದ. "ಸುಳ್ಳು ಹೇಳ್ಬೇಡ ಕಣೇ. ಆ ಮುಖ ನೆನೆಸ್ಕೊಂಡು ದಿನಾ ಸತ್ತಿದೀನಿ ನಾನು. ಅವನಿಗೆ ಅರಳಿತಲ್ಲ ಅಂತ."

"ನಿನಗೆ ಕಣೋ ದಡ್ಡ. ನಿನಗೆ."

ಒಂದು ಗಳಿಗೆ, ಒಂದೇ ಗಳಿಗೆ, ಅವನ ಕಣ್ಣು ಹೊಳೆಯಿತು. ಆಮೇಲೆ ಅವನು ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡ. "ಈಗ ಹೇಳಿ ಏನು ಬಂತು? ಹಿಮದಲ್ಲಿ ಕಾಲು ಮುರ್ಕೊಂಡು ಬಿದ್ದಾಗ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಇಳಿದೋನು ಅವನು. ಅವನ ಹುಡುಗೀನ ನಾನು ತಂದು ಬಿಡಬಹುದು. ತಗೊಂಡು ಹೋಗಕ್ಕಾಗಲ್ಲ."

"ನಾನೇನು ನಿನ್ನ ಮಿಲ್ಲಿನ ದಿಮ್ಮಿನಾ? ನೀನು ತರೋಕೆ, ಅವನು ತಗೊಳ್ಳೋಕೆ? ನನ್ನನ್ನ ಯಾರೂ ಕೇಳೋದೇ ಇಲ್ವಾ?"

"ಬ್ರೋನ್ಕಾ!" ಲುಡ್ವಿಕಾ ಮೇಡಂ ಓಡುತ್ತ ಬಂದರು. "ಅಳು ಗಿಳು ಎಲ್ಲಾ ಆಮೇಲಿಟ್ಕೋ, ಮೇಕಪ್ ಕೆಟ್ರೆ ನಾನಂತೂ ಮತ್ತೆ ಹಚ್ಚಲ್ಲ. ನಡಿ, ನಡಿ! ಮದುಮಗಳು ನಗ್ತಾ ಇರ್ಬೇಕು."

ತೆರೆ ಎದ್ದಿತು. ಮುಂದಿನ ಸಾಲಿನಲ್ಲಿ ಯೆಂಡ್ರೆಕ್‌ನ ಅಮ್ಮ, ಪಕ್ಕದಲ್ಲಿ ಬ್ರೋನ್ಕಾಳ ಅಮ್ಮ, ಹಿಂದೆ ನಮ್ಮೂರೇ. ಯೆಂಡ್ರೆಕ್ ಪಿಟೀಲಿನ ಮುಂದೆ ನಿಂತು ಎದೆ ತುಂಬಿ ಹಾಡಿದ. ಷಿಮೆಕ್ ಹುಡುಗಿಯರ ಸಾಲಿಗೆ ಬಂದು ಕೈ ಚಾಚಿದ. ಬ್ರೋನ್ಕಾ ನಿಧಾನವಾಗಿ ನಡೆದಳು. ಎಷ್ಟು ನಿಧಾನವಾಗಿ ನಡೆದರೇನು, ವೇದಿಕೆ ಉದ್ದವಾಗುತ್ತದೆಯೇ? ಅವನು ತಿರುಗಿಸಿದ, ಕೈಬಿಟ್ಟ, ಸಾಲಿಗೆ ಸರಿದ.

ಯೆಂಡ್ರೆಕ್ ಕುಣಿದ. ಹಾರಿದ, ಹಿಮ್ಮಡಿಗೆ ಹಿಮ್ಮಡಿ ಬಡಿದ, ಕುಣಿತಕ್ಕೆಂದು ಹಿಡಿಯುವ ಕೈಗೊಡಲಿಯನ್ನು ಕಾಲಡಿ ಬೀಸಿ ದಾಟಿದ. ಜನ ಶಿಳ್ಳೆ ಹೊಡೆದರು. ಬ್ರೋನ್ಕಾ ಸಣ್ಣ ಸಣ್ಣ ಹೆಜ್ಜೆಯಿಟ್ಟು ಅವನ ಸುತ್ತ ಸುತ್ತಿದಳು. ಕೆನ್ನೆ ಒದ್ದೆಯಾದದ್ದು ಅವಳಿಗೇ ಗೊತ್ತಾಗಲಿಲ್ಲ.

ಯೆಂಡ್ರೆಕ್ ಹತ್ತಿರ ಬಂದಾಗ ನೋಡಿದ. "ಯಾಕೇ? ಏನಾಯ್ತು?"

ಈಗ ಕೊನೆಯ ಸುತ್ತು. ಹುಡುಗ ಹುಡುಗಿಯನ್ನು ತೋಳಿನಡಿ ತಿರುಗಿಸಿದರೆ ಕುಣಿತ ಮುಗಿಯಿತು, ತೆರೆ ಬಿತ್ತು, ಗುರುವಾರ ಬಂತು, ಶನಿವಾರ ಬಂತು. ಯೆಂಡ್ರೆಕ್ ಕೈ ಎತ್ತಿದ. ಬ್ರೋನ್ಕಾ ಆ ಕೈ ಹಿಡಿಯಲಿಲ್ಲ. ನೇರ ನಡೆದು ಗಾವೆಲ್ ಅಜ್ಜನ ಮುಂದೆ ನಿಂತಳು.

ನಮ್ಮಲ್ಲಿ ಯಾವ ಹೆಂಗಸೂ ಅಲ್ಲಿ ನಿಂತು ಕುಣಿತ ಕರೆದದ್ದಿಲ್ಲ. ಅಮ್ಮನ ಕಡೆ ನೋಡಿದರೆ ಧೈರ್ಯ ಹೋಗುತ್ತದೆಂದು ಪಿಟೀಲನ್ನೇ ನೋಡಿ ಹಾಡಿದಳು.

ಬೆಟ್ಟದ ಗಾಳಿಯೇ, ಬೇಲಿಯ ಮುರಿದೆ,
ಮುರಿಯದೆ ಉಳಿದದ್ದು ನನ್ನ ಬಾಯ ಬೀಗ.
ಕರೆದವನ ಹೆಸರು ಊರಿಗೆ ಗೊತ್ತು,
ಕರೆತಂದವನ ಕೈ ಬೇಕು ನನಗೀಗ.

ತಗಡು ಬಡಿಯುವ ಸದ್ದೊಂದೇ. ಪಕ್ಕದ ತೆರೆಯಿಂದ ಲುಡ್ವಿಕಾ ಮೇಡಂ ಬೇಡ ಬೇಡ ಎಂದು ಕೈ ಬೀಸುತ್ತಿದ್ದರು. ಗಾವೆಲ್ ಅಜ್ಜ ಬ್ರೋನ್ಕಾಳನ್ನು ನೋಡಿದ, ಯೆಂಡ್ರೆಕ್‌ನನ್ನು ನೋಡಿದ. "ನಮ್ಮಪ್ಪ ಹಾಕ್ಕೊಟ್ಟ ದಾರಿ ಇವತ್ತು ನನ್ನ ಕೊಲ್ತು ಕಣಮ್ಮ" ಎಂದು ಗೊಣಗಿ ಪಿಟೀಲು ಎತ್ತಿದ. ಅವಳ ಪದವನ್ನೇ ಬಾರಿಸಿದ.

ಬ್ರೋನ್ಕಾ ಒಬ್ಬಳೇ ನಡುವೆ ಹೆಜ್ಜೆ ಹಾಕುತ್ತ ನಿಂತಳು. ಷಿಮೆಕ್ ಗಂಡಸರ ಸಾಲಿನಲ್ಲಿ ಕಲ್ಲಾಗಿದ್ದ. ಅವನು ತಾನಾಗಿ ಬರುವಂತಿಲ್ಲ, ಅವಳು ಹೋಗಿ ಕರೆಯುವಂತಿಲ್ಲ. ನಡುವೆ ಯಾರಾದರೂ ಒಬ್ಬರು ತರಬೇಕು. ಯಾರು ತರುತ್ತಾರೆ? ಪದ ಒಮ್ಮೆ ಮುಗಿಯಿತು. ಅಜ್ಜ ಮತ್ತೆ ಮೊದಲಿನಿಂದ ಎತ್ತಿಕೊಂಡ. ಯಾರೂ ಕದಲಲಿಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಹೆಜ್ಜೆ ಮಾತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಲ್ಲವೂ ಮುಗಿದ ಹಾಗೆ.

ಯೆಂಡ್ರೆಕ್ ಇನ್ನೂ ಎತ್ತಿದ ಕೈ ಎತ್ತಿಕೊಂಡೇ ಇದ್ದ. ಅದನ್ನು ಮೆಲ್ಲಗೆ ಇಳಿಸಿದ. ಮುಖದಲ್ಲಿ ರಕ್ತವೇ ಇರಲಿಲ್ಲ. ಕೈಗೊಡಲಿ ಹಿಡಿದೇ ಗಂಡಸರ ಸಾಲಿನತ್ತ ನಡೆದ. ಹುಡುಗರು ಹೆದರಿ ದಾರಿ ಬಿಟ್ಟರು. ಮುಂದಿನ ಸಾಲಿನಲ್ಲಿ ಅವನ ಅಮ್ಮ ಎದ್ದುನಿಂತಳು. ಷಿಮೆಕ್ ತಪ್ಪಿಸಿಕೊಳ್ಳಲಿಲ್ಲ, ಹೊಡೆಯಲಿ ಎಂದೇ ನಿಂತ.

ಯೆಂಡ್ರೆಕ್ ಕೈಗೊಡಲಿಯನ್ನು ಪಕ್ಕದವನ ಕೈಗೆ ಕೊಟ್ಟ. ಷಿಮೆಕ್‌ನ ಮಣಿಕಟ್ಟು ಹಿಡಿದ. ಎಳೆದುಕೊಂಡು ನಡುವೆ ಬಂದ. ಬಂದವನು ಕೈ ಮೇಲೆತ್ತಿ, ಅಷ್ಟುದ್ದ ಗಂಡಸನ್ನು ತನ್ನ ತೋಳಿನ ಕೆಳಗೆ ಒಂದು ಸುತ್ತು ತಿರುಗಿಸಿದ. ಪರವೂರಿನವರು ಇದೂ ಒಂದು ತಮಾಷೆಯೆಂದು ಬಿದ್ದು ಬಿದ್ದು ನಕ್ಕರು. ನಮ್ಮೂರಿನವರು ಒಬ್ಬರೂ ನಗಲಿಲ್ಲ.

"ಕೈಬಿಟ್ಟು ಸರಿಯೋದು ಇಷ್ಟು ಕಷ್ಟ ಅಂತ ನಂಗೆ ಗೊತ್ತಿರ್ಲಿಲ್ಲ ಕಣೋ" ಅಂದ ಯೆಂಡ್ರೆಕ್. "ನೀನು ಹೇಗೆ ಮಾಡಿದ್ಯೋ, ಇಷ್ಟು ದಿನ?"

ಆಮೇಲೆ ಕೈಬಿಟ್ಟು ಸರಿದ. ಷಿಮೆಕ್ ನಿಂತಿದ್ದ ಜಾಗದಲ್ಲೇ ಹೋಗಿ ನಿಂತು, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡ.

ಬ್ರೋನ್ಕಾ, ಷಿಮೆಕ್ ಎದುರುಬದುರಾದರು.

"ನಂಗೆ ಕುಣಿಯೋಕೆ ಬರಲ್ಲ ಕಣೇ" ಅಂದ ಅವನು, ಅಳುವ ದನಿಯಲ್ಲಿ. "ಕರ್ಕೊಂಡು ಬರೋದಷ್ಟೇ ಗೊತ್ತು."

"ಕಾಲು ಎತ್ತು, ಇಳಿಸು. ಮಿಕ್ಕಿದ್ದು ಅಜ್ಜ ನೋಡ್ಕೋತಾರೆ."

ಅವನು ಎತ್ತಿದ, ಇಳಿಸಿದ. ತಾಳ ತಪ್ಪಿದ, ಒಮ್ಮೆ ತನ್ನ ಕಾಲು ತಾನೇ ತುಳಿದ. ಅಂಥ ಕೆಟ್ಟ ಕುಣಿತ ಆ ವೇದಿಕೆ ನೋಡಿರಲಿಲ್ಲ. ಗಾವೆಲ್ ಅಜ್ಜ ಅವನ ಹೆಜ್ಜೆಗೆ ತಕ್ಕ ಹಾಗೆ ಪಿಟೀಲನ್ನು ನಿಧಾನಿಸಿದ. ಬ್ರೋನ್ಕಾ ಅಳುತ್ತಳುತ್ತಲೇ ನಕ್ಕಳು, ಮುಂದಿನ ಸಾಲಿನಲ್ಲಿ ಅವಳ ಅಮ್ಮ ಬಾಯಿಗೆ ಕೈಯಿಟ್ಟು ಆ ಮುಖ ನೋಡುತ್ತ ಕೂತಿದ್ದಳು.

ಕೊನೆಯ ಸುತ್ತು ಬಂತು. ಷಿಮೆಕ್ ಕೈ ಎತ್ತಿದ, ಅವಳು ಹಿಡಿದಳು, ತೋಳಿನಡಿ ಒಂದು ಸುತ್ತು ತಿರುಗಿದಳು. ತಿರುಗಿಸಿದ ಮೇಲೆ ಕೈಬಿಟ್ಟು ಪಕ್ಕಕ್ಕೆ ಸರಿಯುವುದು ಅವನಿಗೆ ಅಭ್ಯಾಸವಾಗಿಹೋಗಿತ್ತು. ಅಭ್ಯಾಸಬಲದಿಂದ ಬಿಡಲು ಹೋದ.

ಅವಳು ಬಿಡಲಿಲ್ಲ.